ಚೆಂಡನ್ನು ಇನ್ನಷ್ಟು ದೂರ ಹೊಡೆಯುವ ಬಗ್ಗೆ, ಹಾಗೂ ಹೋದ ಚೆಂಡಿನ ಬಗ್ಗೆ

ಸಂಖ್ಯೆ: ಗಾಚೆಂ/ದೂರ/ಸಿಬ್ಬಂದಿ-2/47/2024-25
ಸ್ಥಳ: ಚನ್ನಗಿರಿ
ದಿನಾಂಕ: 07-01-2025

ಸುತ್ತೋಲೆ

ವಿಷಯ: ಇಲಾಖೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಶಾಖೆಗಳ ಸಿಬ್ಬಂದಿ ಗಾಲ್ಫ್ ಕೋಲು ಬೀಸುವ ಕ್ರಮವನ್ನು ಸುಧಾರಿಸಿಕೊಳ್ಳುವ ಕುರಿತು.

ಉಲ್ಲೇಖ:
1) ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿದಂತಿಲ್ಲ).
2) ಜಗಳೂರು ಶಾಖೆಯ ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಪುಷ್ಪಾ ಅವರ ವರ್ಗಾವಣೆ ಮನವಿ.
3) ಬಿಳಿಚೋಡಿನ ಕುರಿಗಾಹಿ ಶ್ರೀ ಬೋರಣ್ಣ ಅವರ ಹೇಳಿಕೆ.

ಕೋರಿಕೆ ವರ್ಗಾವಣೆಯಲ್ಲಿ ವಶೀಲಿ ನಡೆಯುತ್ತಿದೆ ಎಂಬ ದೂರುಗಳಿದ್ದ ಹಿನ್ನೆಲೆಯಲ್ಲಿ, ಹಾಗೂ ಮಾರ್ಚ್ ಕೊನೆಗೆ ಉಳಿದ ಅನುದಾನದಲ್ಲಿ ಖರೀದಿಸಿದ ಗಾಲ್ಫ್ ಕೋಲುಗಳು ಬೀರುವಿನ ಹಿಂದೆ ಧೂಳು ತಿನ್ನುತ್ತಿದ್ದ ಹಿನ್ನೆಲೆಯಲ್ಲಿ, ಎರಡೂ ಹಿನ್ನೆಲೆಗಳನ್ನು ಒಟ್ಟುಗೂಡಿಸಿ, ನಾಲ್ಕೂ ಶಾಖೆಗಳ ಪೈಕಿ ಯಾರ ಚೆಂಡು ಅತಿ ದೂರ ಹೋಗುವುದೋ ಅವರೊಬ್ಬರಿಗೆ ಮಾತ್ರ ಈ ಸಾಲಿನಲ್ಲಿ ಕೇಳಿದ ಊರು ನೀಡತಕ್ಕದ್ದೆಂದು ತೀರ್ಮಾನಿಸಲಾಗಿತ್ತು. ಚೆಂಡು ಯಾರ ಶಿಫಾರಸು ಪತ್ರವನ್ನೂ ತರುವುದಿಲ್ಲ ಎಂಬುದು ಇದರ ಅನುಕೂಲ. ಡಿಸೆಂಬರ್ ತಿಂಗಳ ಪರೀಕ್ಷೆಯಲ್ಲಿ ಸಿಬ್ಬಂದಿ ಕೋಲು ಬೀಸಿದ ರೀತಿ ನೋಡಿ ಕೆಳಸಹಿದಾರರಿಗೆ ತೀರಾ ಬೇಸರವಾಗಿದೆ. ಆದ್ದರಿಂದ ಎಲ್ಲರ ಗಮನಕ್ಕೆ ಈ ಕೆಳಗಿನವುಗಳನ್ನು ತರಲಾಗಿದೆ.

1. ಹಿಡಿತ: ಕೋಲನ್ನು ಕೋಳಿಮರಿ ಹಿಡಿದಷ್ಟು ಹಗುರವಾಗಿ ಹಿಡಿಯತಕ್ಕದ್ದು. ಚನ್ನಗಿರಿ ಶಾಖೆಯ ಕೆಲವರು ಅಡಿಕೆ ಗೊನೆ ಇಳಿಸುವವರಂತೆ ಕೋಲನ್ನು ನೆಟ್ಟಗೆ ಎತ್ತಿಹಿಡಿದು ಆಕಾಶ ನೋಡುತ್ತಿರುವುದು ಕಂಡುಬಂದಿದೆ. ಚೆಂಡು ಕೆಳಗಿದೆ. ಹೊಡೆಯುವವರೆಗೂ ಅದು ಅಲ್ಲೇ ಇರುತ್ತದೆ.

2. ಆಯುಧಪೂಜೆಯಂದು ಕೋಲಿಗೆ ಹಚ್ಚಿದ ಎಣ್ಣೆ ಕುಂಕುಮವನ್ನು ಒರೆಸಿಯೇ ಬಳಸತಕ್ಕದ್ದು. ಹೊನ್ನಾಳಿಯಲ್ಲಿ ಒಂದು ಕೋಲು ಕೈಜಾರಿ ಚೆಂಡಿಗಿಂತ ಮುಂದೆ ಹೋಗಿದೆ. ಕೋಲು ಹೋದ ದೂರವನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

3. ನ್ಯಾಮತಿ ಶಾಖೆಯವರು ಚಿನ್ನಿದಾಂಡಿನ ಅಭ್ಯಾಸಬಲದಿಂದ ಚೆಂಡನ್ನು ಮೊದಲು ಮೇಲಕ್ಕೆ ಚಿಮ್ಮಿಸಿ ಆಮೇಲೆ ಹೊಡೆಯುತ್ತಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಕ್ಯಾಚ್ ಹಿಡಿದವರು ತಮ್ಮ ಸರದಿ ಬಂತೆಂದು ಕೋಲು ಕಸಿದುಕೊಳ್ಳುತ್ತಿದ್ದಾರೆ. ಇದನ್ನು ಈ ಮೂಲಕ ನಿಷೇಧಿಸಲಾಗಿದೆ.

4. ಸೊಂಟ: ಚೆಂಡು ದೂರ ಹೋಗುವುದು ತೋಳಿನ ಬಲದಿಂದಲ್ಲ, ಸೊಂಟದ ತಿರುವಿನಿಂದ. ಸೊಂಟ ತಿರುಗಿಸಲು ಮೇಲಧಿಕಾರಿಗಳ ಪೂರ್ವಾನುಮತಿ ಬೇಕಿಲ್ಲ. ತಿರುಗಿದ ಸೊಂಟವನ್ನು ಯಥಾಸ್ಥಾನಕ್ಕೆ ತರುವುದು ಸಂಬಂಧಪಟ್ಟ ನೌಕರರ ಜವಾಬ್ದಾರಿ.

5. ತಲೆ: ಕೋಲು ಬೀಸುವಾಗ ತಲೆ ಅಲುಗಾಡಬಾರದು, ಕಣ್ಣು ಚೆಂಡಿನ ಮೇಲಿರಬೇಕು. ಅಷ್ಟರಲ್ಲಿ ಮೇಲಧಿಕಾರಿಗಳು ಹಾದುಹೋದರೆ ಬೀಸು ಮುಗಿಸಿ ಆನಂತರ ನಮಸ್ಕರಿಸತಕ್ಕದ್ದು. ಕೋಲು ಮೇಲೆತ್ತಿದ ಸ್ಥಿತಿಯಲ್ಲಿ ಮೇಲಧಿಕಾರಿಗಳತ್ತ ತಿರುಗುವುದನ್ನು ಬೇರೆ ರೀತಿಯಲ್ಲಿ ಅರ್ಥೈಸುವ ಸಾಧ್ಯತೆ ಇದೆ.

6. ಬೀಸನ್ನು ಕಡತದಂತೆ ಅರ್ಧಕ್ಕೆ ನಿಲ್ಲಿಸಬಾರದು. ಚೆಂಡಿಗೆ ತಗುಲಿದ ನಂತರವೂ ಕೋಲು ಭುಜದ ಮೇಲೆ ಹೋಗಿ ಮುಗಿಯಬೇಕು. ಬಾಯಲ್ಲಿ ಎಲೆಅಡಿಕೆ ಇದ್ದವರು ಬೀಸುವ ಮುನ್ನ ಉಗಿದು ಬರತಕ್ಕದ್ದು. ಬೀಸಿನ ಮಧ್ಯೆ ಉಗಿದರೆ ಅದೂ ಅಷ್ಟೇ ದೂರ ಹೋಗುತ್ತದೆ.

7. ದೂರ ಅಳೆಯುವುದು: ಚೆಂಡು ಹೊಡೆದ ಜಾಗದಿಂದ ಅದು ಕೊನೆಗೆ ನಿಂತ ಜಾಗದವರೆಗಿನ ದೂರವೇ ಅಂತಿಮ. ಮಧ್ಯೆ ಅದು ಹೇಗೆ ಹೋಯಿತೆಂದು ಕೇಳತಕ್ಕದ್ದಲ್ಲ. ಈ ನಿಯಮವನ್ನು ಸೇರಿಸಿದವರು ಕೆಳಸಹಿದಾರರೇ. ಅವರ ಚೆಂಡು ಮೂರು ಮಾರು ಹಾರಿ, ಇಳಿಜಾರು ಸಿಕ್ಕಿ, ಕಚೇರಿಯ ಗೇಟು ದಾಟಿ, ಚರಂಡಿಯ ಅಂಚಿನಲ್ಲಿ ನಿಂತಿತ್ತು. ದಾವಣಗೆರೆಗೆ ವರ್ಗಾವಣೆ ಕೋರಿದ್ದ ಅವರು ಈ ನಿಯಮದ ದೆಸೆಯಿಂದ ಪ್ರಥಮ ಸ್ಥಾನದಲ್ಲಿದ್ದರು.

8. ಶ್ರೀಮತಿ ಪುಷ್ಪಾ ಅವರ ಪ್ರಕರಣ: ಸದರಿಯವರು ಸಾಸ್ವೆಹಳ್ಳಿಗೆ ವರ್ಗಾವಣೆ ಕೋರಿರುತ್ತಾರೆ. ಪತಿ ಹಾಗೂ ಮೂರು ವರ್ಷದ ಮಗಳು ಅಲ್ಲಿದ್ದು, ಇವರು ಜಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿರುತ್ತಾರೆ. ವಿಚಾರಣೆಯಲ್ಲಿ ಅವರು ಹೇಳಿದ್ದು: "ವಾರಕ್ಕೊಂದು ಸಲ ಹೋಗ್ತೀನಿ ಸಾರ್. ನನ್ ಮಗಳು ನನ್ನ ಭಾನುವಾರದಮ್ಮ ಅಂತಾಳೆ. ಅವ್ರಜ್ಜೀನ ಬರೇ ಅಮ್ಮ ಅಂತಾಳೆ." ಇದನ್ನು ಕೆಳಸಹಿದಾರರು ಖುದ್ದಾಗಿ, ಹೇಳಿದ್ದು ಹೇಳಿದಂತೆಯೇ ಬರೆದುಕೊಂಡಿರುತ್ತಾರೆ.

9. ಪರೀಕ್ಷೆಯ ದಿನ ಇವರು ಹೊಡೆದ ಚೆಂಡು ಜಗಳೂರು ಶಾಖೆಯ ಕಾಂಪೌಂಡು ದಾಟಿದ್ದು, ಎಷ್ಟು ಹುಡುಕಿದರೂ ಸಿಗಲಿಲ್ಲ. ಆದಕಾರಣ ದೂರ ಸೊನ್ನೆ ಎಂದು ದಾಖಲಿಸಿ, ಸರ್ಕಾರಿ ಚೆಂಡು ಕಳೆದದ್ದಕ್ಕೆ ಕಾರಣ ಕೇಳಿ ನೋಟಿಸನ್ನೂ ನೀಡಲಾಯಿತು.

10. ಭತ್ತದ ಕೊಯ್ಲು ಮುಗಿದ ಮೇಲೆ ಬಿಳಿಚೋಡು ಕಡೆಯ ಕುರಿಗಾಹಿಗಳು ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ಕೂರಿಸಲು ಹೊಳೆಯ ಕಡೆಗೆ ಹೊರಡುವುದು ಸರಿಯಷ್ಟೆ. ಪರೀಕ್ಷೆಯ ದಿನ ಜಗಳೂರು ಶಾಖೆಯ ಕಾಂಪೌಂಡಿನ ಆಚೆಯ ರಸ್ತೆಯಲ್ಲಿ ಶ್ರೀ ಬೋರಣ್ಣ ಅವರ ಮಂದೆ ಹೋಗುತ್ತಿತ್ತು. ಕತ್ತೆಯ ಮೇಲೆ ಎಳೆಯ ಮರಿಗಳ ಬುಟ್ಟಿ ಇತ್ತು. ಅವರ ಹೇಳಿಕೆ: "ಚೆಂಡು ಯಾವಾಗ ಬಿತ್ತೋ ಗೊತ್ತಿಲ್ಲ ರೀ. ಸಾಸ್ವೆಹಳ್ಳಿ ಗದ್ದ್ಯಾಗೆ ಮರಿ ಇಳಿಸಿದಾಗ ಬುಟ್ಟ್ಯಾಗೆ ಸಿಕ್ತು. ಯಾವ್ದೋ ಹಕ್ಕಿ ಮೊಟ್ಟೆ ಅಂದ್ಕಂಡು ಬೇಯ್ಸಾಕೆ ಇಟ್ವಿ. ಎರಡು ಹೊತ್ತು ಬೇಯ್ಸಿದ್ರೂ ಸಿಪ್ಪೆ ಬಿಡ್ಲಿಲ್ಲ. ಆಮ್ಯಾಲೆ ನೋಡಿದ್ರೆ ಅದ್ರ ಮ್ಯಾಲೆ ನಂಬರ್ ಐತೆ. ಸರ್ಕಾರದ್ದು ಅಂತ ತಿಳೀತು." ಚೆಂಡಿನ ದಾಸ್ತಾನು ಸಂಖ್ಯೆ ತಾಳೆಯಾಗಿದೆ. ಕುದಿಸಿದ್ದಕ್ಕೆ ಕ್ರಮ ಜರುಗಿಸಲು ನಿಯಮ ಇಲ್ಲ.

11. ಆಕ್ಷೇಪಣೆ: ನ್ಯಾಮತಿ ಶಾಖೆಯ ಶ್ರೀ ತಿಮ್ಮೇಶ್ ಅವರು, "ಕತ್ತೆ ನಡೆದಿದ್ದು ಚೆಂಡು ಹೋದಂಗೆ ಹೆಂಗಾಗ್ತೈತೆ ಸಾರ್? ಹಂಗಾದ್ರೆ ವರ್ಗಾವಣೆ ಕತ್ತೆಗೆ ಕೊಡ್ರಿ" ಎಂದು ವಾದಿಸಿರುತ್ತಾರೆ. ಪರಿಶೀಲಿಸಲಾಗಿ, ಕತ್ತೆ ಅರ್ಜಿ ಸಲ್ಲಿಸಿರುವುದಿಲ್ಲ.

12. ಈ ವಿಷಯ ಹಬ್ಬಿದಂದಿನಿಂದ ಚನ್ನಗಿರಿಯ ಕೆಲವು ನೌಕರರು ಶಿವಮೊಗ್ಗ ಬಸ್ಸಿನ ಕಿಟಕಿಗೆ ಗುರಿಯಿಟ್ಟು ಚೆಂಡು ಹೊಡೆಯುತ್ತಿದ್ದಾರೆ. ಬಸ್ಸು ಸಂಜೆ ವಾಪಸ್ಸು ಬರುತ್ತದೆ. ಆಗ ದೂರ ಸೊನ್ನೆಯಾಗುತ್ತದೆ ಎಂಬುದನ್ನು ಅವರು ತಿಳಿಯತಕ್ಕದ್ದು.

13. ಆದೇಶ: ಕಂಡಿಕೆ 7ನ್ನು ರದ್ದುಪಡಿಸಿದರೆ ಶ್ರೀಮತಿ ಪುಷ್ಪಾ ಅವರ ಚೆಂಡು ಜಗಳೂರಿನ ರಸ್ತೆಯಲ್ಲೇ ಉಳಿಯುತ್ತದೆ. ಆದರೆ ಕೆಳಸಹಿದಾರರ ಚೆಂಡೂ ಇಳಿಜಾರು ಹತ್ತಿ ಮೂರು ಮಾರಿಗೆ ವಾಪಸ್ಸಾಗುತ್ತದೆ. ಉಳಿಸಿಕೊಂಡರೆ, ಚರಂಡಿಯ ಅಂಚಿಗಿಂತ ಸಾಸ್ವೆಹಳ್ಳಿ ದೂರ ಎಂಬುದನ್ನು ಅಲ್ಲಗಳೆಯಲಾಗದು. ಈ ಬಗ್ಗೆ ಕೆಳಸಹಿದಾರರು ಊಟ ಬಿಟ್ಟು ಯೋಚಿಸಿರುತ್ತಾರೆ. ಕಂಡಿಕೆ 7ನ್ನು ಉಳಿಸಿಕೊಳ್ಳಲಾಗಿದೆ. ಶ್ರೀಮತಿ ಪುಷ್ಪಾ ಅವರನ್ನು ಸಾಸ್ವೆಹಳ್ಳಿಗೆ ವರ್ಗಾಯಿಸಿ ಆದೇಶಿಸಲಾಗಿದೆ. ಅವರ ಬೀಸು ಚೆನ್ನಾಗಿತ್ತು ಎಂಬುದನ್ನೂ ದಾಖಲಿಸಲಾಗಿದೆ.

ಸಹಿ/-
(ಗುರುಬಸವರಾಜ್)
ಉಪ ನಿರ್ದೇಶಕರು, ಚನ್ನಗಿರಿ
ನಾಲ್ಕೂ ಶಾಖೆಗಳ ಪ್ರಭಾರ

ಪ್ರತಿಗಳು:
1. ನಾಲ್ಕೂ ಶಾಖೆಗಳ ಸೂಚನಾ ಫಲಕಕ್ಕೆ. ಈ ಬಾರಿಯಾದರೂ ಓದತಕ್ಕದ್ದು.
2. ಶ್ರೀ ತಿಮ್ಮೇಶ್, ನ್ಯಾಮತಿ: ಮಾಹಿತಿಗಾಗಿ, ಸಮಾಧಾನಕ್ಕಾಗಿ.
3. ಕತ್ತೆ, ಶ್ರೀ ಬೋರಣ್ಣ ಅವರ ಮುಖಾಂತರ: ಮೆಚ್ಚುಗೆಯೊಂದಿಗೆ.
4. ಕುಮಾರಿ ಚೈತ್ರಶ್ರೀ, ವಯಸ್ಸು ಮೂರು, ಸಾಸ್ವೆಹಳ್ಳಿ: ಬರುವ ಸೋಮವಾರದಿಂದ ಅಮ್ಮ ದಿನಾ ಮನೆಗೆ ಬರುವರು. ತಂದೆಯವರು ಓದಿ ಹೇಳತಕ್ಕದ್ದು.
5. ಶ್ರೀಮತಿ ಶಾಂತಾದೇವಿ, ಕೆಳಸಹಿದಾರರ ಪತ್ನಿ, ದಾವಣಗೆರೆ: ಕೆಳಸಹಿದಾರರು ಈ ವರ್ಷವೂ ಭಾನುವಾರ ಮಾತ್ರ ಬರುವರು.