ಬಾಗಿಲ ಹಿಂದಿನ ಪೀಪಾಯಿ

"ಈ ಸಲ ಹಿಮ ಬೇಕಾದ್ರೆ ಸೂರಿನವರೆಗೆ ಬೀಳಲಿ! ಈ ಮನೆಯವರು ಒಂದು ಚಿಟಿಕೆ ಉಪ್ಪಿಗೂ ಹೊಸ್ತಿಲು ದಾಟಬೇಕಾಗಿಲ್ಲ. ಇದು ರಾಂಗೆಲ್ ಕೊಟ್ಟ ಮಾತು!"

ಅಕ್ಟೋಬರಿನ ಒಂದು ಬೆಳಿಗ್ಗೆ ರಾಂಗೆಲ್ ಅಂಗಳದ ನಡುವೆ ನಿಂತು, ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಸ್ತಾನ್ಕಾ, ಇನ್ನೊಬ್ಬ ಬೇಲಿಯಾಚೆಯ ಪೆಂಚೋ. "ಹೊಸ್ತಿಲ ವಿಚಾರ ಆಮೇಲೆ. ಮೊದ್ಲು ಕೋಳಿಗೂಡಿಗೆ ಚಿಲಕ ಹಾಕು, ಹೋಗು" ಅಂದಳು ಸ್ತಾನ್ಕಾ. ಪೆಂಚೋ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ಆ ಕೆಲಸದಲ್ಲಿ ತೊಡಗಿದಾಗ ಅವನು ಬೇರೆ ಯಾವ ಕೆಲಸಕ್ಕೂ ಕೈ ಹಾಕುವವನಲ್ಲ.

ರಾಂಗೆಲನ ಈ ವೀರಾವೇಶಕ್ಕೆ ಒಂದು ಕಾರಣವಿತ್ತು. ಆ ಕಾರಣದ ಹೆಸರು ತೋಂಕಾ. ಅವನ ಅತ್ತೆ! ಕಳೆದ ವರ್ಷ ರೊಡೋಪಿ ಬೆಟ್ಟ ಇಳಿದು ಮೊದಲ ಹಿಮಗಾಳಿ ನಮ್ಮ ಎಲೋವೆಟ್ಸ್ ಹಳ್ಳಿಯ ಮೇಲೆರಗಿದಾಗ ಈ ಮನೆಯಲ್ಲಿದ್ದದ್ದು ಮೊಳಕೆಯೊಡೆದ ಒಂದಿಷ್ಟು ಆಲೂಗಡ್ಡೆ, ಅರ್ಧ ಕುಂಬಳಕಾಯಿ, ಮತ್ತೆ ಹೊಗೆ ಬಿಟ್ಟು ಬೇರೇನೂ ಕೊಡದ ಹಸಿ ಸೌದೆ. ಮಗಳ ಮನೆಗೆಂದು ಬಂದು ಸಿಕ್ಕಿಕೊಂಡ ತೋಂಕಾ ವಾರವಿಡೀ ಕೋಟು ತೊಟ್ಟೇ ಉಂಡಳು, ಕೋಟು ತೊಟ್ಟೇ ಮಲಗಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು.

"ಅಳಿಯ ದೇವರೇ, ಕೇಳಿಸ್ಕೋ. ಮುಂದಿನ ಚಳಿಗಾಲಕ್ಕೂ ಇದೇ ಹಣೆಬರಹ ಆದ್ರೆ ನನ್ನ ಮಗಳನ್ನ ಪಟ್ಟಣಕ್ಕೆ ಕರ್ಕೊಂಡು ಹೋಗ್ತೀನಿ. ನನ್ನ ಫ್ಲ್ಯಾಟಲ್ಲಿ ಹೀಟರ್ ಇದೆ. ಹಿಮ ಕರಗಿದ ಮೇಲೆ ವಾಪಸ್ ಕಳಿಸ್ತೀನಿ. ಕಳಿಸಿದ್ರೆ!"

ಆ 'ಕಳಿಸಿದ್ರೆ' ಅನ್ನುವ ಮಾತು ರಾಂಗೆಲನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಸ್ತಾನ್ಕಾ ದಿನವಿಡೀ ಬೈಯುತ್ತಾಳೆ, ನಿಜ. ಆದರೆ ಆ ಬೈಗುಳವಿಲ್ಲದ ಮನೆಯಲ್ಲಿ ಇಡೀ ಚಳಿಗಾಲ ಒಬ್ಬನೇ ಒಲೆಯ ಮುಂದೆ ಕೂರುವುದೆಂದರೆ? 'ನೀನಿಲ್ಲದೆ ನನಗಾಗದು' ಎಂದು ಹೆಂಡತಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಆದ್ದರಿಂದ ಆಲೂಗಡ್ಡೆ ತಂದ.

ತಂದ ಅಂದರೆ ಎಂಥ ತರುವಿಕೆ! ನೆಲಮಾಳಿಗೆ ತುಂಬಿತು. ಮಂಚದ ಕೆಳಗೆ ತುಂಬಿತು. ಬೀರುವಿನ ಮೇಲೆ ಕುಂಬಳಕಾಯಿಗಳು ಮಹಾಸಭೆ ಸೇರಿದವು. ತೊಲೆಗಳಿಂದ ಈರುಳ್ಳಿ ಜಡೆಗಳೂ ಕೆಂಪು ಮೆಣಸಿನಕಾಯಿ ಸರಗಳೂ ಇಳಿಬಿದ್ದು, ಮನೆಯೊಳಗೆ ಓಡಾಡುವವರು ರಾಜನ ಮುಂದೆ ನಿಂತವರಂತೆ ತಲೆ ಬಗ್ಗಿಸಿಯೇ ಇರಬೇಕಾಯಿತು. ಮಹಡಿಯ ಕೋಣೆ ಹುರುಳಿಕಾಯಿ ಬೀಜದ ಚೀಲ, ಅಕ್ರೋಟದ ಚೀಲಗಳ ಪಾಲಾಯಿತು. ಒಳಗೆ ಹಿತ್ತಿಲ ಕಡೆಯ ಗೋಡೆಗೆ ಒಣ ಸೌದೆಯ ಒಟ್ಟಿಲು ನೆಲದಿಂದೆದ್ದು ಸೂರು ಮುಟ್ಟಿತು.

"ಅಲ್ಲಾ, ಇಲ್ಲೊಂದು ಹಿತ್ತಿಲ ಬಾಗಿಲು ಇತ್ತಲ್ಲ, ಎಲ್ಲಿ ಹೋಯ್ತು?" ಎಂದು ಸ್ತಾನ್ಕಾ ಕೇಳಿದಳು.

"ಸೌದೆ ಹಿಂದೆ ಇದೆ. ಭದ್ರವಾಗಿದೆ."

"ತೆಗೆಯೋದು ಹೇಗೆ?"

"ಉರಿಸ್ತಾ ಹೋದ ಹಾಗೆ ಅದೇ ಕಾಣಿಸ್ಕೊಳ್ಳುತ್ತೆ. ಮಾರ್ಚ್ ಹೊತ್ತಿಗೆ."

"ಅಯ್ಯೋ ಮಾರಾಯ, ನಿನ್ನ ತಲೇಲಿ ಇರೋದಾದ್ರೂ ಏನು?"

"ದೂರದೃಷ್ಟಿ!" ಅಂದ ರಾಂಗೆಲ್.

ಆಮೇಲೆ ಕಿಟಕಿಗಳ ಸರದಿ. ಕೆಳಗಿನ ಕಿಟಕಿಗಳಿಗೆ ಕರಡಿ ಕಾಟಕ್ಕೆಂದು ಅವನಪ್ಪ ಹಾಕಿಸಿದ ಕಬ್ಬಿಣದ ಸರಳುಗಳು ಮೊದಲೇ ಇದ್ದವು. ಮಹಡಿಯ ಕಿಟಕಿಯ ಎರಡು ಗಾಜಿನ ನಡುವೆ ರಾಂಗೆಲ್ ಕುರಿಯುಣ್ಣೆ ತುರುಕಿದ. ಸಂದುಗಳಿಗೆಲ್ಲ ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಮೆತ್ತಿದ. ಒಂದು ಸೊಳ್ಳೆಯ ಉಸಿರೂ ಒಳಗೆ ಬರುವಂತಿರಲಿಲ್ಲ.

ಪೆಂಚೋ ಬೇಲಿಗೆ ಒರಗಿಕೊಂಡು ಕೇಳಿದ: "ಅಣ್ಣಾ, ಯಾವ ದೇಶದ ಸೈನ್ಯ ಬರ್ತಾ ಇದೆ?"

"ಚಳಿಗಾಲ ಬರ್ತಾ ಇದೆ ಕಣೋ ಸೋಮಾರಿ! ಇರುವೆ ನೋಡಿ ಕಲಿ."

"ಕಲಿತಿದ್ದೀನಿ ಅಣ್ಣಾ. ಇರುವೆ ಪಕ್ಕದ ಮನೇಲಿದ್ರೆ ಸಾಕು."

ನವೆಂಬರಿನಲ್ಲಿ ದೇವದೂತರ ಹಬ್ಬ ಬರುತ್ತದೆ. ದೇವದೂತನ ಹೆಸರು ಹೊತ್ತವನಾದ್ದರಿಂದ ಅದು ರಾಂಗೆಲನ ಹೆಸರಿನ ಹಬ್ಬ. ಹೆಸರಿನ ಹಬ್ಬಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ತಾವಾಗಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದೂ ಇಲ್ಲ. ತೋಂಕಾ ಅಂತೂ ಬಂದೇ ಬರುತ್ತಾಳೆ, ಅದೂ ಪರೀಕ್ಷೆ ಮಾಡಲು. ಅವಳನ್ನು ಕರೆತರಲು ಸ್ತಾನ್ಕಾ ಹಿಂದಿನ ದಿನವೇ ಪಟ್ಟಣಕ್ಕೆ ಹೊರಟಳು. ವ್ಯಾನು ಹತ್ತುವ ಮುನ್ನ ಬೆರಳೆತ್ತಿ ಹೇಳಿದಳು: "ಎಲೆಕೋಸು ಹಾಕೋದು ನಾನು ಬಂದ ಮೇಲೆ. ಪೀಪಾಯಿ ಮುಟ್ಟಬೇಡ."

ಎಲೆಕೋಸಿನ ಪೀಪಾಯಿ ಇಲ್ಲದ ಚಳಿಗಾಲ ನಮ್ಮವರಿಗೆ ವರನಿಲ್ಲದ ಮದುವೆ. ಇಡಿಯಿಡೀ ಕೋಸುಗಳನ್ನು ಉಪ್ಪುನೀರಲ್ಲಿ ಮುಳುಗಿಸಿ ಹುಳಿ ಬರಿಸಿದರೆ ವಸಂತದವರೆಗೆ ಪಲ್ಯ, ಸಾರು, ಹಬ್ಬದೂಟ ಎಲ್ಲವೂ ಅದರಿಂದಲೇ. ರಾಂಗೆಲ್ ಮುಟ್ಟುವವನಲ್ಲ. ಆದರೆ ಟೀವಿಯವರು ಸುಮ್ಮನಿರಬೇಕಲ್ಲ! ನಾಳೆಯೇ ಮೊದಲ ಹಿಮಗಾಳಿ, ಬೆಟ್ಟದ ಹಳ್ಳಿಗಳಿಗೆ ಕಿತ್ತಳೆ ಬಣ್ಣದ ಎಚ್ಚರಿಕೆ ಎಂದುಬಿಟ್ಟರು. ಅತ್ತೆ ಬಂದು ಖಾಲಿ ಪೀಪಾಯಿ ನೋಡುವುದೇ? ರಾಂಗೆಲ್ ಅಂಗಿಯ ತೋಳು ಮಡಿಸಿದ.

ಪೀಪಾಯಿ ಎಲ್ಲಿಡುವುದು? ನೆಲಮಾಳಿಗೆಯಲ್ಲಿ ಇಲಿ ಆಕಳಿಸಲೂ ಜಾಗವಿಲ್ಲ. ಅಡುಗೆಮನೆ ಬೆಚ್ಚಗೆ, ಕೋಸು ಕೊಳೆಯುತ್ತದೆ. ತಲೆಬಾಗಿಲ ಹಿಂದಿನ ಕಿರುಹಜಾರ ಮಾತ್ರ ತಣ್ಣಗೆ, ಖಾಲಿಯಾಗಿ, ಪೀಪಾಯಿಗೆಂದೇ ದೇವರು ಕೆತ್ತಿಟ್ಟಂತಿತ್ತು. ಗಾಳಿ ನುಗ್ಗುತ್ತಿತ್ತೆಂದು ರಾಂಗೆಲ್ ಬಾಗಿಲು ಭದ್ರವಾಗಿ ಮುಚ್ಚಿದ. ಬಾಗಿಲ ಬೆನ್ನಿಗೇ ನೀಲಿ ಪೀಪಾಯಿ ನಿಲ್ಲಿಸಿದ. ಒಂದೊಂದು ಕೋಸಿನ ದಂಟು ಕೊರೆದು ಉಪ್ಪು ತುಂಬಿ ಜೋಡಿಸಿದ. ಬಣ್ಣಕ್ಕೊಂದು ಬೀಟ್‌ರೂಟ್, ಹುಳಿ ಬೇಗ ಬರಲೆಂದು ಒಂದು ಹಿಡಿ ಮೆಕ್ಕೆಜೋಳ. ಬಕೆಟ್ಟುಗಟ್ಟಲೆ ನೀರು ಹೊತ್ತು ಸುರಿದ. ಪೀಪಾಯಿಯ ಮತ್ತೊಂದು ಬದಿಗೆ ಗೋಡೆಯವರೆಗೂ ಸೌದೆ ಒಟ್ಟಿದ, ಅಲುಗಾಡದಿರಲಿ ಎಂದು. ಕೊನೆಗೆ ಅದರ ಆರೋಗ್ಯಕ್ಕಾಗಿ ಒಂದು ಗುಟುಕು ಪ್ಲಮ್ ಸಾರಾಯಿಯನ್ನೂ ಕುಡಿದ. ಎರಡನೆಯ ಗುಟುಕು ತನ್ನ ಆರೋಗ್ಯಕ್ಕೆ.

ಮರುದಿನ ಮಧ್ಯಾಹ್ನ ಹಿಮ ಶುರುವಾಯಿತು. ಶುರುವಾಯಿತು ಅಂದರೆ ಆಕಾಶದ ಚೀಲದ ತಳವೇ ಕಿತ್ತುಹೋಯಿತು! ಅದರ ನಡುವೆ ವ್ಯಾನಿನ ಹಾರನ್ನು, ಹೆಂಗಸರ ಧ್ವನಿ, ಆಮೇಲೆ ಬಾಗಿಲ ಮೇಲೆ ಧಬಧಬ. ರಾಂಗೆಲ್ ಮೀಸೆ ತೀಡಿ, ನಗು ಅಂಟಿಸಿಕೊಂಡು, ಪೀಪಾಯಿಯ ಮೇಲಿಂದ ಕೈ ಚಾಚಿ ಚಿಲಕ ತೆಗೆದು ಬಾಗಿಲು ಎಳೆದ.

ಬಾಗಿಲು ಒಂದು ಬೆರಳಷ್ಟು ತೆರೆದು ಪೀಪಾಯಿಗೆ 'ಡುಬ್' ಎಂದು ಬಡಿದು ನಿಂತಿತು.

ನಮ್ಮ ಊರಿನ ಬಾಗಿಲುಗಳೆಲ್ಲ ಒಳಕ್ಕೆ ತೆರೆಯುವ ಬಾಗಿಲುಗಳು. ಹೊರಗೆ ಬಿದ್ದ ಹಿಮ ಬಾಗಿಲು ಮುಚ್ಚಿಬಿಡಬಾರದೆಂದು ಅಜ್ಜಂದಿರು ಬುದ್ಧಿ ಓಡಿಸಿ ಹಾಗೆ ಮಾಡಿದ್ದರು. ಒಳಗಿರುವ ರಾಂಗೆಲನೇ ಮುಚ್ಚಿಬಿಡುತ್ತಾನೆಂದು ಪಾಪ, ಅವರಿಗೆ ಹೊಳೆದಿರಲಿಲ್ಲ.

"ತೆಗಿ ಬಾಗ್ಲು! ಚಳಿಗೆ ಸಾಯ್ತಿದ್ದೀವಿ!" ಎಂದು ಸ್ತಾನ್ಕಾ ಕೂಗಿದಳು.

"ತೆಗೆದಿದ್ದೀನಿ."

"ಇದು ತೆಗೆದಿರೋದಾ?"

"ಬಾಗ್ಲಿಗೆ... ಸ್ವಲ್ಪ ಚಳಿ ಹಿಡಿದಿದೆ."

ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಸ್ತಾನ್ಕಾಳ ಕಣ್ಣಲ್ಲ. ಅದಕ್ಕಿಂತ ಮೂವತ್ತು ವರ್ಷ ಹೆಚ್ಚು ಅನುಭವವಿದ್ದ ಕಣ್ಣು. ಅದು ನೀಲಿ ಪೀಪಾಯಿಯನ್ನು ಕೆಳಗಿನಿಂದ ಮೇಲೆ ನೋಡಿತು, ಆಮೇಲೆ ರಾಂಗೆಲನನ್ನು ಮೇಲಿನಿಂದ ಕೆಳಗೆ ನೋಡಿತು.

"ಅಳಿಯ ದೇವರೇ," ಅಂದಳು ತೋಂಕಾ, "ತುಂಬಿದ ಪೀಪಾಯೀನ ಬಾಗಿಲಿಗೆ ಒತ್ತಿ ಇಟ್ಟಿದ್ದೀಯಲ್ಲ, ಹೊರಗೆ ಹೋಗೋದು ಬೇಡ ಅಂತಲೋ, ನಾನು ಒಳಗೆ ಬರೋದು ಬೇಡ ಅಂತಲೋ?"

"ಅತ್ತೇ, ದೇವರಾಣೆ, ಒಂದೇ ನಿಮಿಷ!"

ರಾಂಗೆಲ್ ಪೀಪಾಯಿಯನ್ನು ತಬ್ಬಿಕೊಂಡ. ಎಳೆದ, ನೂಕಿದ, ಬೆನ್ನು ಕೊಟ್ಟ, ಬೈದ, ಬೇಡಿಕೊಂಡ. ಮದುವೆಯಾದಂದಿನಿಂದ ಹೆಂಡತಿಯನ್ನೂ ಅಷ್ಟು ಹೊತ್ತು ಅಪ್ಪಿಕೊಂಡವನಲ್ಲ. ಪೀಪಾಯಿ ಮಾತ್ರ ಬೇರು ಬಿಟ್ಟಂತೆ ನಿಂತಿತ್ತು. ಅವನೇ ಒಟ್ಟಿದ ಸೌದೆ ಒಂದು ತುಂಡೂ ಕದಲದಷ್ಟು ಬಿಗಿದು ಹಿಂದಿನಿಂದ ಅದಕ್ಕೆ ಬೆಂಬಲ ಕೊಡುತ್ತಿತ್ತು. ಕೊನೆಗೆ ಬೆವರು ಒರೆಸಿಕೊಂಡು, "ಪೀಪಾಯಿ ತಳದ ನಲ್ಲಿ ತಿರುಗಿಸಿ ನೀರೆಲ್ಲ ಬಿಟ್ಟುಬಿಡ್ತೀನಿ" ಎಂದ.

"ಮುಟ್ಟಿದ್ರೆ ಕೈ ಮುರೀತೀನಿ!" ಬಾಗಿಲಾಚೆಯಿಂದ ಗುಡುಗು ಬಂತು. "ಎಲೆಕೋಸಿನ ನೀರು ಚೆಲ್ಲೋ ಮನೆಗಾ ನಾನು ಹೆಣ್ಣು ಕೊಟ್ಟಿದ್ದು? ಉಪ್ಪು ಸರಿಯಾಗಿ ಹಾಕಿದ್ಯಾ?"

"ಹಾಕಿದ್ದೀನಿ."

"ಮೆಕ್ಕೆಜೋಳ?"

"ಒಂದು ಹಿಡಿ."

"ಬೀಟ್‌ರೂಟು?"

"ಅದೂ ಇದೆ ಅತ್ತೆ."

"ಹ್ಞೂಂ," ಅಂದಳು ತೋಂಕಾ, ಧ್ವನಿ ಒಂದಿಷ್ಟು ಇಳಿಸಿ. ಆ ಒಂದು 'ಹ್ಞೂಂ' ಕೇಳಿ ರಾಂಗೆಲನ ಜೀವಕ್ಕೆ ಜೀವ ಬಂತು.

"ಅಮ್ಮಾ, ನಿನಗೆ ಕೋಸು ಮುಖ್ಯಾನೋ ನಾವು ಮುಖ್ಯಾನೋ?" ಸ್ತಾನ್ಕಾ ಹಲ್ಲು ಕಟಕಟಿಸುತ್ತ ಕೇಳಿದಳು.

"ನಾವು ಹೇಗೋ ಬೆಚ್ಚಗಾಗಬಹುದು ಕಣೇ. ಚೆಲ್ಲಿದ ನೀರು ವಾಪಸ್ ಬರುತ್ತಾ? ಹೋಗು, ಏಣಿ ಹುಡುಕು."

ಏಣಿ ಇದ್ದದ್ದು ಪೆಂಚೋನ ಮನೆಯಲ್ಲಿ. ಅವನ ಬಾಗಿಲು ಒಂದೇ ತಟ್ಟಿಗೆ ಹಾಯಾಗಿ ತೆರೆಯಿತು, ಏಕೆಂದರೆ ಅದರ ಹಿಂದೆ ಏನೂ ಇರಲಿಲ್ಲ. ಅವನು ಏಣಿ ತಂದು ಮಹಡಿಯ ಕಿಟಕಿಗೆ ಒರಗಿಸಿದ. ಒಳಗಿನಿಂದ ರಾಂಗೆಲ್ ತಾನೇ ಮೆತ್ತಿದ ಪಟ್ಟಿಗಳನ್ನು ಉಗುರಿನಿಂದ ಕಿತ್ತ, ತಾನೇ ತುರುಕಿದ ಉಣ್ಣೆಯನ್ನು ಹಿಡಿಹಿಡಿಯಾಗಿ ಎಳೆದು ಹಾಕಿದ. ಕಿಟಕಿ ತೆರೆಯುವ ಹೊತ್ತಿಗೆ ಅವನ ಗಡ್ಡಕ್ಕೆಲ್ಲ ಉಣ್ಣೆ ಮೆತ್ತಿತ್ತು.

"ಅಯ್ಯೋ, ಸಂತರು ದರ್ಶನ ಕೊಟ್ರು!" ಪೆಂಚೋ ಕೆಳಗಿನಿಂದ ಕೈ ಮುಗಿದ.

"ಮೊದಲು ಬಾನಿತ್ಸಾ!" ಎಂದು ತೋಂಕಾ ಆಜ್ಞಾಪಿಸಿದಳು. ಹಬ್ಬಕ್ಕೆಂದು ಚೀಸ್ ತುಂಬಿ ಬೇಯಿಸಿದ ಪದರು ತಿಂಡಿ, ಬಂಡಿಚಕ್ರದಷ್ಟು ಅಗಲದ ತಟ್ಟೆಯಲ್ಲಿತ್ತು. "ಓರೆ ಮಾಡಬೇಡ! ನಾನು ಬಿದ್ರೆ ಎದ್ದೇಳ್ತೀನಿ, ಅದು ಬಿದ್ರೆ ಏಳಲ್ಲ." ತಟ್ಟೆ ಮೆರವಣಿಗೆಯ ದೇವರಂತೆ ಮೇಲೇರಿತು. ಆಮೇಲೆ ಒಂದು ದೊಡ್ಡ ಸೂಟ್‌ಕೇಸ್ ಬಂತು. ರಾಂಗೆಲ್ ಭಾರವಿದ್ದೀತೆಂದು ಎರಡು ಕೈಯಲ್ಲಿ ಎಳೆದರೆ ಅದು ಹತ್ತಿಯಂತೆ ಹಾರಿ ಬಂತು. ಖಾಲಿ! ಇದರೊಳಗೆ ಸ್ತಾನ್ಕಾಳ ಬಟ್ಟೆ ತುಂಬಿಕೊಂಡು ಹೋಗಲೆಂದೇ ಮುದುಕಿ ಬಂದಿದ್ದಾಳೆಂದು ಅವನಿಗೆ ಆಗ ಅರ್ಥವಾಯಿತು. ಕಿಟಕಿಯಿಂದ ಬೀಸಿದ ಗಾಳಿಗಿಂತ ಆ ಖಾಲಿ ಪೆಟ್ಟಿಗೆಯೇ ಅವನನ್ನು ಹೆಚ್ಚು ನಡುಗಿಸಿತು.

ಸ್ತಾನ್ಕಾ ಬೆಕ್ಕಿನಂತೆ ಹತ್ತಿ ಬಂದಳು. ಅವಳ ಹಿಂದೆ ತೋಂಕಾ, ಮೂರು ಕೋಟುಗಳ ಸಮೇತ. ತಲೆ ಬಂತು, ಭುಜ ಬಂತು, ಅಲ್ಲಿಗೆ ನಿಂತಿತು. ಅರ್ಧ ತೋಂಕಾ ಒಳಗೆ, ಇನ್ನರ್ಧ ಹಿಮದಲ್ಲಿ.

"ಕೆಳಗಿಂದ ತಳ್ಳಲಾ, ಅಜ್ಜೀ?" ಪೆಂಚೋ ಕೇಳಿದ.

"ಕೈ ತಾಗಿಸಿದ್ರೆ ನೋಡು!"

"ಹಾಗಾದ್ರೆ ಅಲ್ಲೇ ಇರಿ. ಕಿಟಕಿಗೆ ಗಾಳಿ ತಡೆ ಆಯ್ತು."

ಸ್ತಾನ್ಕಾ ಒಂದು ತೋಳು, ರಾಂಗೆಲ್ ಒಂದು ತೋಳು ಹಿಡಿದು ಜಗ್ಗಿದರು. ಗುಂಡಿಗಳು ಪಟಪಟ ಸಿಡಿದವು. ತೋಂಕಾ ಸೀಸೆಯ ಬಿರಡೆಯಂತೆ ಕಿತ್ತು ಬಂದು ನೇರವಾಗಿ ಅಕ್ರೋಟದ ಚೀಲದ ಮೇಲೆ ಆಸೀನಳಾದಳು. ಚೀಲ ಒಡೆದು ಅಕ್ರೋಟಗಳು ಕೋಣೆಯ ತುಂಬ ಉರುಳಾಡಿದವು. ರಾಂಗೆಲ್ ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದ.

ಬೈಗುಳ ಬರಲಿಲ್ಲ. ತೋಂಕಾ ಒಂದು ಅಕ್ರೋಟ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಎದ್ದಳು. ಹುರುಳಿಕಾಯಿ ಬೀಜದ ಚೀಲಕ್ಕೆ ಕೈ ಹಾಕಿದಳು. ಕೆಳಗಿಳಿದು ಕುಂಬಳಕಾಯಿಗಳ ಬೆನ್ನು ತಟ್ಟಿದಳು. ಮೆಣಸಿನ ಸರ ಚಿವುಟಿ ಮೂಸಿದಳು. ಮಂಚದ ಕೆಳಗೆ ಬಗ್ಗಿ ನೋಡಿ ಆಲೂಗಡ್ಡೆಗಳ ಜೊತೆ ಕುಶಲ ವಿಚಾರಿಸಿದಳು. ಒಲೆಯ ಮುಂದೆ ನಿಂತು, ಒಂದೊಂದಾಗಿ ಮೂರು ಕೋಟನ್ನೂ ತೆಗೆದಳು. ಹಿಂದೆ ಹಿಂದೆಯೇ ನಡೆಯುತ್ತಿದ್ದ ರಾಂಗೆಲ್ ಉಸಿರೇ ಬಿಟ್ಟಿರಲಿಲ್ಲ.

"ಸ್ತಾನ್ಕಾ," ಅಂದಳು ಕೊನೆಗೆ, "ನಿನ್ನ ಗಂಡನಿಗೆ ಬಾಗಿಲು ಅಂದ್ರೇನು ಅಂತ ಗೊತ್ತಿಲ್ಲ. ಆದ್ರೆ ಚಳಿಗಾಲ ಅಂದ್ರೇನು ಅಂತ ಗೊತ್ತಾಗಿದೆ. ನಿನ್ನ ಅಪ್ಪನೂ ಇಷ್ಟು ಕೂಡಿಟ್ಟಿರಲಿಲ್ಲ. ನೀನು ಇಲ್ಲೇ ಇರು."

ರಾಂಗೆಲನ ಕಣ್ಣುಗಳು ಒದ್ದೆಯಾದವು. ಸ್ತಾನ್ಕಾ ಅವನ ಗಡ್ಡದಿಂದ ಉಣ್ಣೆ ಬಿಡಿಸುತ್ತ, "ಇದಕ್ಕಾ ಇಷ್ಟೆಲ್ಲ ಒದ್ದಾಡಿದ್ದು? ಬಾಯಿಬಿಟ್ಟು ಹೇಳಿದ್ರೆ ನಾನೇ ಹೋಗ್ತಿರಲಿಲ್ಲವಲ್ಲ, ಪೆದ್ದಾ" ಎಂದು ಮೆಲ್ಲಗೆ ಅಂದಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಇಡೀ ಚಳಿಗಾಲ ಅವನದೇ ಆಗುತ್ತಿತ್ತು. ಆದರೆ ಹೊಗಳಿಕೆ ಕೇಳಿ ಅಭ್ಯಾಸವಿಲ್ಲದ ಜೀವ, ಪ್ಲಮ್ ಸಾರಾಯಿಗಿಂತ ಬೇಗ ಅದು ತಲೆಗೇರಿತು.

"ಇದೇನು ಮಹಾ ಅತ್ತೆ!" ರಾಂಗೆಲ್ ಎದೆ ಉಬ್ಬಿಸಿದ. "ಈ ಮನೇಲಿ ಹತ್ತು ಜನ ಬಂದು ಕೂತ್ರೂ ಮೇ ತಿಂಗಳ ಸಂತ ಜಾರ್ಜನ ಹಬ್ಬದವರೆಗೆ ಊಟಕ್ಕೆ ಕೊರತೆ ಇಲ್ಲ!"

"ಹೌದಾ?" ಅಂದಳು ತೋಂಕಾ. ಕುರ್ಚಿ ಎಳೆದುಕೊಂಡು ಒಲೆಯ ಪಕ್ಕದ ಅತಿ ಬೆಚ್ಚಗಿನ ಮೂಲೆಯಲ್ಲಿ ಕೂತಳು. ಕೂತ ಭಂಗಿಯಲ್ಲೇ ಇದು ಒಂದೆರಡು ದಿನದ ಮಾತಲ್ಲ ಎಂದು ಗೊತ್ತಾಗುತ್ತಿತ್ತು. ಚೀಲದಿಂದ ಫೋನು ತೆಗೆದಳು.

"ಹಲೋ, ವೇಲಾ? ನಾನು ಕಣೇ ನಿನ್ನ ಅಕ್ಕ. ಈ ಚಳಿಗಾಲ ಪೂರ್ತಿ ನಾನು ಇಲ್ಲೇ ಇರ್ತೀನಿ. ರಸ್ತೆ ತೆರೆದ ಕೂಡ್ಲೇ ನೀನೂ ಹೊರಟು ಬಾ, ನಿನ್ನ ಗಂಡನ್ನೂ ಕರ್ಕೊಂಡು ಬಾ. ಅಯ್ಯೋ, ಸಂಕೋಚ ಯಾಕೆ? ಅಳಿಯ ಬಾಯಾರೆ ಹತ್ತು ಜನ ಅಂದಿದ್ದಾನೆ. ಹ್ಞಾಂ, ಬಾಗಿಲು ಬಡೀಬೇಡಿ. ಮಹಡಿ ಕಿಟಕಿಗೆ ಏಣಿ ಇದೆ."

ರಾಂಗೆಲ್ ಹೆಂಡತಿಯ ಮುಖ ನೋಡಿದ. ಹೆಂಡತಿ ಕುಂಬಳಕಾಯಿಯ ಮುಖ ನೋಡಿದಳು. ಅವನು ಸದ್ದಿಲ್ಲದೆ, ತುದಿಗಾಲಲ್ಲಿ ಮೆಟ್ಟಿಲು ಹತ್ತಿ, ಅಕ್ರೋಟಗಳನ್ನು ದಾಟಿಕೊಂಡು, ತೆರೆದೇ ಇದ್ದ ಮಹಡಿಯ ಕಿಟಕಿಯ ಬಳಿ ಹೋದ. ಆ ಏಣಿಯನ್ನು ಒಂದೇ ಜಗ್ಗಿಗೆ ಒಳಗೆ ಎಳೆದುಕೊಂಡುಬಿಡಬೇಕು ಎಂದು ಕೈ ಚಾಚಿದ.

ಏಣಿಯ ಮೇಲಿನ ಮೆಟ್ಟಿಲಲ್ಲಿ ಪೆಂಚೋ ನಿಂತಿದ್ದ. ತಲೆ ಬಾಚಿದ್ದ. ಹಬ್ಬದ ಅಂಗಿ ತೊಟ್ಟಿದ್ದ. ಕಂಕುಳಲ್ಲಿ ಒಂದು ದಿಂಬು, ಕೈಯಲ್ಲಿ ಖಾಲಿ ತಟ್ಟೆ.

"ಹೆಸರಿನ ಹಬ್ಬದ ಶುಭಾಶಯ ಅಣ್ಣಾ!" ಎಂದ. "ಹತ್ತು ಜನ ಅಂದ್ಯಂತಲ್ಲ, ಅದರಲ್ಲಿ ನಾನು ಎಷ್ಟನೆಯವನು?"