ಒಂದೇ ಬಲೂನಿನ ಆನೆ

“ಅಲ್ಲ, ಈ ಆನೆಗೆ ಸೊಂಡಿಲು ಇಡು ಅಂತ ಯಾರು ಹೇಳಿದ್ದು?”

ಬಲೂನಣ್ಣ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವನ ಹೊರತು ಇದ್ದದ್ದು ಒಂದು ಮೇಜು, ಒಂದು ಏಣಿ, ಏಣಿಯ ತುದಿಗೆ ಹೆಂಡತಿಯ ದುಪಟ್ಟಾದಿಂದ ಬಿಗಿದಿದ್ದ ಮೊಬೈಲು, ಮತ್ತು ಈಗಷ್ಟೇ ಢಂ ಎಂದು ಒಡೆದು ಅವನ ಮೂಗಿಗೆ ಅಂಟಿಕೊಂಡಿದ್ದ ಬೂದು ಬಣ್ಣದ ರಬ್ಬರಿನ ಚೂರು. ಆದ್ದರಿಂದ ಪ್ರಶ್ನೆ ಚಾವಣಿ ದಾಟಿ ನೇರವಾಗಿ, ಆನೆಗೆ ಸೊಂಡಿಲು ಕೊಟ್ಟವನ ಕಡೆಗೇ ಹೋಗಿರಬೇಕು. ಅಲ್ಲಿಂದ ಉತ್ತರ ಬರಲಿಲ್ಲ. ಅಡುಗೆಮನೆಯಿಂದ ಬಂತು.

“ದೇವರನ್ನ ಯಾಕ್ರೀ ಬೈತೀರಿ? ಅವನು ಇಟ್ಟ ಸೊಂಡಿಲು ಒಂದಾದ್ರೂ ಒಡೆದದ್ದು ನೋಡಿದೀರಾ?” ಎಂದಳು ಹೆಂಡತಿ.

ಬಲೂನಣ್ಣ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಉದ್ದನೆಯ ಬಲೂನಿಗೆ ಗಾಳಿ ತುಂಬಿ, ತಿರುಚಿ, ನಾಯಿ, ಕತ್ತಿ, ಕಿರೀಟ ಮಾಡಿಕೊಡುವುದು ಅವನ ಕಸುಬು. ಪಾರ್ಟಿ ಇದ್ದಲ್ಲೆಲ್ಲ ಜೋಕರ್ ಪ್ಯಾಂಟು ತೊಟ್ಟು ನಿಲ್ಲಬೇಕು. ಹಿಂದೆ ನಿಂತ ಮಕ್ಕಳು ಪ್ಯಾಂಟು ಎಳೆಯುತ್ತವೆ, ಮುಂದಿನವು ಮೂಗು ಎಳೆಯುತ್ತವೆ, ಪಕ್ಕದವು ಮಾಡಿಕೊಟ್ಟ ಕತ್ತಿಯಿಂದ ಅವನಿಗೇ ಬಾರಿಸುತ್ತವೆ. ಅದೆಲ್ಲವನ್ನೂ ಹಲ್ಲು ಕಚ್ಚಿ ಸಹಿಸಿಕೊಂಡಿದ್ದ. ಆದರೆ ಈಚೆಗೆ ತಿರುಚಿ ತಿರುಚಿ ಬಲಗೈಯ ಹೆಬ್ಬೆರಳು ಊದಿ, ಅದೇ ಒಂದು ಪುಟ್ಟ ಬಲೂನಿನಂತಾಗಿತ್ತು. ಡಾಕ್ಟರು ಅದನ್ನು ಒತ್ತಿ ನೋಡಿ, “ಹೀಗೇ ದಿನಾ ನೂರಾರು ತಿರುಚ್ತಾ ಹೋದ್ರೆ ಇದು ನಿಮ್ಮ ಮಾತು ಕೇಳೋದು ಬಿಡುತ್ತೆ” ಎಂದಿದ್ದರು.

ಆಗ ಹೊಳೆದದ್ದು ವಿಡಿಯೋ. ಒಂದು ಸಲ ಚೆನ್ನಾಗಿ ಮಾಡಿ ತೋರಿಸಿದರೆ ಮುಗಿಯಿತು. ಊರೂರಿನ ಬಲೂನು ಕಲಾವಿದರು ಅದನ್ನು ಕೊಂಡು, ನೋಡಿ, ಕಲಿತು, ತಮ್ಮ ತಮ್ಮ ಹೆಬ್ಬೆರಳುಗಳನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ತಾನು ಮನೆಯಲ್ಲಿ ಕಾಲು ಚಾಚಿ ಕೂರಬಹುದು.

ಆ ವಿಡಿಯೋ ಮಾರಬೇಕಾದವರು ಪಾರ್ಟಿ ಸಾಮಾನಿನ ಅಂಗಡಿಯ ಸಾಹುಕಾರರು. ಸುತ್ತಲಿನ ಬಲೂನು ಕಲಾವಿದರೆಲ್ಲ ಬಲೂನು, ಪಂಪು ಕೊಳ್ಳುವುದು ಅವರ ಹತ್ತಿರ. ಅವರು ಯಾವ ವಿಡಿಯೋ ಕೊಳ್ಳಿ ಎನ್ನುತ್ತಾರೋ ಅದನ್ನೇ ಇವರು ಕೊಳ್ಳುತ್ತಾರೆ. ಬಲೂನಣ್ಣನ ಎರಡು ವಿಡಿಯೋಗಳನ್ನು ಅವರು ಆಗಲೇ ತಿರುಗಿ ಕೊಟ್ಟಿದ್ದರು. ಮೊದಲನೆಯದರಲ್ಲಿ ಕ್ಯಾಮೆರಾ ಎದುರಿಗಿತ್ತು. ನೋಡಿದವರಿಗೆ ಅವನ ಎಡಗೈ ಯಾವುದು, ತಮ್ಮ ಎಡಗೈ ಯಾವುದು ಎಂದು ತಿಳಿಯದೆ, ಅವರು ಮಾಡಿದ ನಾಯಿಗಳೆಲ್ಲ ಬಾಲದ ಕಡೆ ನೋಡುತ್ತಿದ್ದವು. ಎರಡನೆಯದರಲ್ಲಿ ಕ್ಯಾಮೆರಾ ತಲೆಯ ಮೇಲೆ ಹೋಯಿತು. ಆಗ ಕಲಿಯುವವನ ಕಣ್ಣಿಗೂ ಬಲೂನಿಗೂ ನಡುವೆ ಬಲೂನಣ್ಣನ ಬೋಳುತಲೆ ಹುಣ್ಣಿಮೆಯ ಚಂದ್ರನ ಹಾಗೆ ಉದಯಿಸಿ, ಕೊನೆಯವರೆಗೂ ಮುಳುಗಲಿಲ್ಲ.

“ಇದು ಕೊನೇ ಚಾನ್ಸು ಕಣ್ರೀ,” ಎಂದಿದ್ದರು ಸಾಹುಕಾರರು. “ಆನೆ ಮಾಡಿ. ಇವತ್ತು ಸಂಜೆ ನಾನೇ ಮನೆಗೆ ಬಂದು ನೋಡ್ತೀನಿ. ಜನ್ಮದಲ್ಲಿ ಬಲೂನು ಮುಟ್ಟದವರಿಗೂ ಅರ್ಥ ಆಗ್ಬೇಕು. ಇಲ್ಲಾಂದ್ರೆ ಜೋಕರ್ ಪ್ಯಾಂಟು ಇಸ್ತ್ರಿ ಮಾಡಿ ಇಟ್ಕೊಳ್ಳಿ.”

ಅದಕ್ಕೇ ಬೆಳಗಿನಿಂದ ಈ ಗಜಸಂಹಾರ.

ಇನ್ನೊಂದು ಸೊಂಡಿಲು ಢಂ ಎಂದಿತು. ಹಿಂದೆಯೇ ಬಾಗಿಲು ದಡಾರನೆ ತೆರೆಯಿತು. ಕೆಳಮನೆಯ ಟೈಲರು, ಕುತ್ತಿಗೆಯಲ್ಲಿ ಟೇಪು, ಎರಡು ಕೈಯಲ್ಲಿ ಶರ್ಟಿನ ಎರಡು ಕಪ್ಪು ತೋಳು ಹಿಡಿದು ನಿಂತಿದ್ದ.

“ಬಲೂನಣ್ಣ, ನೀನು ಢಂ ಅನ್ನಿಸಿದಾಗೆಲ್ಲ ನನ್ನ ಕತ್ತರಿ ಎಗರುತ್ತೆ. ಗಿರಾಕಿಯ ಫುಲ್ ಶರ್ಟು ಹಾಫ್ ಶರ್ಟಾಗಿ ಕೂತಿದೆ. ಇನ್ನೊಂದ್ಸಲ ಢಂ ಅಂದ್ರೆ ಬನಿಯನ್ ಆಗುತ್ತೆ, ಹೇಳಿದೀನಿ!”

ಅವನ ಬೆನ್ನಿಗೇ ಮೇಲ್ಮನೆಯ ಮೇಷ್ಟ್ರು ಇಳಿದು ಬಂದರು. ಕೆಲಸದಿಂದ ನಿವೃತ್ತರಾದರೂ ತಿದ್ದುವುದರಿಂದ ನಿವೃತ್ತರಾಗದವರು. ಬಂದವರು ಬಲೂನಣ್ಣನನ್ನು ಕೇಳದೆ ಏಣಿ ಹತ್ತಿ, ಮೊಬೈಲಿನಲ್ಲಿ ಅಲ್ಲಿಯವರೆಗೆ ಆಗಿದ್ದ ಪಾಠವನ್ನು ಹಾಕಿ ಕೇಳಿದರು. “ಇಲ್ಲಿ ಹೀಗೆ… ಆಮೇಲೆ ಇದನ್ನ ಅಲ್ಲಿ ಹಾಗೆ… ಮತ್ತೆ ಇದನ್ನ ಇದಕ್ಕೆ… ಅಯ್ಯೋ!” ಎಂದಿತು ಮೊಬೈಲು. ಢಂ.

“ಏನಯ್ಯಾ ಇದು?” ಎಂದರು ಮೇಷ್ಟ್ರು. “ಏನನ್ನ, ಎಲ್ಲಿಗೆ, ಎಷ್ಟು? ಒಂದೂ ಇಲ್ಲ. ಇದು ಪಾಠಾನೋ, ಹೊಟ್ಟೆನೋವಿನ ಗೋಳೋ?”

“ಮೇಷ್ಟ್ರೇ, ಕೈ ನೋಡಿದ್ರೆ ಗೊತ್ತಾಗುತ್ತೆ.”

“ಕೈ ಎಲ್ಲಿ ಕಾಣ್ತಿದೆ? ನಿನ್ನ ನೆತ್ತಿ ಕಾಣ್ತಿದೆ.”

ಟೈಲರು ಏಣಿಯ ಕೆಳಗಿನಿಂದ ಇಣುಕಿದ, ಕೈಯಲ್ಲಿದ್ದ ತೋಳುಗಳನ್ನು ನೋಡಿದ, ಬಲೂನಣ್ಣನ ತಲೆ ನೋಡಿದ, ಟೇಪು ತೆಗೆದ. “ತಲೆ ಕೊಡು. ಹೋದ ತೋಳು ತಲೆಗಾದ್ರೂ ಬರ್ಲಿ. ಕಪ್ಪು ಟೋಪಿ ಹಾಕ್ಕೊಂಡ್ರೆ ಮಿರಮಿರ ಅನ್ನಲ್ಲ.”

ಬೇಡವೆನ್ನಲು ಬಲೂನಣ್ಣ ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಲು ಶುರುಮಾಡಿದ್ದರು. ಚಿಕ್ಕಂದಿನಿಂದ ಪದ್ಯ ಬಾಯಿಪಾಠ ಮಾಡಿ ಬೆಳೆದವರು. ಯಾವ ವಿಷಯವೂ ಪದ್ಯಕ್ಕೆ ಬಂದ ಹೊರತು ಜನರ ತಲೆಗೆ ಇಳಿಯದೆಂಬುದು ಅವರ ನಂಬಿಕೆ. ಬಲೂನಣ್ಣನಿಂದ ಒಂದೊಂದೇ ಹೆಜ್ಜೆ ಕೇಳಿಕೊಂಡು, ಊಟದ ಹೊತ್ತಿಗೆ ಕಟ್ಟಿ ಮುಗಿಸಿ, ಕಂಚಿನ ಕಂಠದಲ್ಲಿ ಹಾಡಿಯೇ ಬಿಟ್ಟರು:

“ನಾಲ್ಕು ಬೆರಳು ಬಾಲ ಬಿಟ್ಟು ಗಾಳಿ ತುಂಬು ಮೆಲ್ಲಗೆ,
ಗಂಟು ಹಾಕು, ಉಗುರು ಮಾತ್ರ ತಾಗದಿರಲಿ ಅಲ್ಲಿಗೆ!
ಗೇಣು ಸೊಂಡಿಲೆರಡು ಕಿವಿಯು ತಿರುಚು ಒಂದೇ ದಿಕ್ಕಿಗೆ,
ಕಾಲು, ಹೊಟ್ಟೆ, ಮತ್ತೆ ಕಾಲು, ಉಳಿದ ಗಾಳಿ ಬಾಲಕೆ!”

ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಬಲೂನಣ್ಣನ ಕೈ ತಾನಾಗಿ ಆ ಲಯಕ್ಕೆ ಓಡಿತು. ತಲೆಯ ಮೇಲೆ ತೋಳಿನ ಟೋಪಿ, ಕಿವಿಯಲ್ಲಿ ಮೇಷ್ಟ್ರ ಪದ್ಯ, ಏಣಿಯನ್ನು ತಲೆ ಅಡ್ಡ ಬಾರದಷ್ಟು ಮುಂದಕ್ಕೆ ಸರಿಸಿ, ಅಲುಗದಂತೆ ಹಿಡಿದ ಟೈಲರು. ಸೊಂಡಿಲು ಒಡೆಯಲಿಲ್ಲ. ಕಿವಿ ಬಿಚ್ಚಲಿಲ್ಲ. ಒಂದೇ ಬಲೂನಿನಲ್ಲಿ ಆನೆ ಎದ್ದು ನಿಂತಿತು. ವಿಡಿಯೋ ಆಯಿತು.

“ಈಗ ಪರೀಕ್ಷೆ,” ಎಂದರು ಮೇಷ್ಟ್ರು. “ಬಲೂನು ಮುಟ್ಟದವರನ್ನ ಕೂರಿಸು.”

ಕೂರಿಸುವ ಕಷ್ಟವೇ ಬರಲಿಲ್ಲ. ಪದ್ಯ ಕೇಳಿ ಮೆಟ್ಟಿಲಲ್ಲಿ ಹೋಗುತ್ತಿದ್ದವರೆಲ್ಲ ಒಳಗೆ ಬಂದು ಕೂತಿದ್ದರು. ಟೈಲರು ಮೊದಲ ಸಲಕ್ಕೇ ಆನೆ ಮಾಡಿದ. ಮೇಷ್ಟ್ರು ಮಾಡಿದರು, ಕಿವಿ ಸ್ವಲ್ಪ ದೊಡ್ಡದು. ಹೆಂಡತಿ ಒಂದು ಕಣ್ಣು ಒಲೆಯ ಮೇಲೆ ಇಟ್ಟೇ ಒಂದು ಆನೆ, ಒಂದು ಮರಿ ಮಾಡಿದಳು. ನೀರಿನ ಮೀಟರು ನೋಡಲು ಬಂದಾತ ನಿಂತಲ್ಲೇ ಒಂದು ಮಾಡಿಕೊಂಡು, ಪದ್ಯ ಗುನುಗುತ್ತಾ ಹೋದ. ಬಲೂನಣ್ಣನ ಎದೆ ಪಂಪು ಹಾಕಿದಂತೆ ಉಬ್ಬಿತು.

ಬಾರದೇ ಹೋದದ್ದು ಒಬ್ಬರಿಗೆ ಮಾತ್ರ. ಅವನ ಅತ್ತೆಗೆ.

ಹೆಂಡತಿಯ ತಾಯಿ. ಮಗಳ ಮನೆಗೆ ಬಂದು ತಿಂಗಳಾಗಿತ್ತು. ಢಂ ಢಂ ಸದ್ದಿಗೆ ಹೆದರಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಒಳಕೋಣೆಯಲ್ಲಿ ಕೂತಿದ್ದರು. ಈಗ ಹೊರಗೆ ಬಂದು, ಎಲ್ಲರೂ ಮಾಡುವುದನ್ನು ಕಂಡು, ತಮಗೂ ಒಂದು ಬೇಕೆಂದು ಕೈ ಚಾಚಿದ್ದರು.

“ಅತ್ತೆ, ಎಲ್ಲ ಒಂದೇ ದಿಕ್ಕಿಗೆ ತಿರುಚಬೇಕು.”

“ಏನಂದ್ರಿ ಅಳಿಯಂದ್ರೇ?”

“ಒಂದೇ ದಿಕ್ಕಿಗೆ!”

“ಹ್ಞಾಂ, ಹ್ಞಾಂ,” ಎಂದು ಅತ್ತೆ ಒದ್ದೆ ಬೆಡ್‌ಶೀಟು ಹಿಂಡುವಂತೆ ಒಂದು ಕೈಯನ್ನು ಆಚೆಗೆ, ಒಂದನ್ನು ಈಚೆಗೆ ತಿರುಗಿಸಿದರು. ಹಾಗೆ ತಿರುಚಿದ್ದು ನಿಲ್ಲುವುದಿಲ್ಲ. ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಿತು. ಅತ್ತೆ ಅದನ್ನು ಹಿಡಿದು ಪಕ್ಕದ ಸಂದಿಗೆ ತೂರಿಸಿದರು.

“ತಪ್ಪು!” ಎಂದು ಬಲೂನಣ್ಣ ಕಿತ್ತುಕೊಂಡು ಬಿಚ್ಚಿ ಕೊಟ್ಟ.

ಅತ್ತೆ ಮತ್ತೆ ಹಿಂಡಿದರು, ಮತ್ತೆ ತೂರಿಸಿದರು. “ತಪ್ಪು!” ಇನ್ನೊಂದು ಬಲೂನು. “ಅಯ್ಯೋ ತಪ್ಪು ಅತ್ತೆ!” ಕೂತಿದ್ದವರಿಗೂ ಹುರುಪು ಬಂದು, ಅತ್ತೆ ಬೆರಳೆತ್ತಿದರೆ ಸಾಕು, ಪಲ್ಲವಿ ಎತ್ತಿಕೊಂಡವರಂತೆ “ತಪ್ಪೂ…” ಎನ್ನತೊಡಗಿದರು. ಜನ್ಮದಲ್ಲಿ ಬಲೂನು ಮುಟ್ಟದ ಇವರೊಬ್ಬರಿಗೆ ಬಾರದಿದ್ದರೆ, ಸಾಹುಕಾರರು ಬಂದು ಇವರನ್ನೇ ಕೂರಿಸಿ ನೋಡಿದರೆ! ಬಲೂನಣ್ಣನ ತಾಳ್ಮೆ ಒಂದು ಕೊನೆಯ ಪಂಪು ತಾಳಲಾರದೆ ಒಡೆಯಿತು.

“ಅತ್ತೇ, ಕೈ ಮುಗೀತೀನಿ! ನಿಮಗೆ ಬರಲ್ಲ. ಬರೋದೂ ಇಲ್ಲ. ನೀವು ಬಲೂನು ಮುಟ್ಟಲೇಬೇಡಿ!”

ಹತ್ತಿ ಎಂಥ ಸದ್ದನ್ನಾದರೂ ತಡೆದೀತು, ಅಳಿಯ ನಾಲ್ಕು ಜನರೆದುರು ಗದರಿದ್ದನ್ನು ತಡೆಯುವುದಿಲ್ಲ. ಅತ್ತೆ ಅರ್ಧ ತಿರುಚಿದ್ದ ಬಲೂನನ್ನು ಹಾಗೇ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು.

“ನಮ್ಮಮ್ಮನಿಗೆ ಹಾಗನ್ಬಾರ್ದಿತ್ತು ನೀವು,” ಎಂದಳು ಹೆಂಡತಿ.

“ಸಾಹುಕಾರರು ಹೋಗ್ಲಿ, ಆಮೇಲೆ ಕಾಲಿಗೆ ಬೀಳ್ತೀನಿ ಕಣೇ,” ಎಂದ ಬಲೂನಣ್ಣ.

ಸಂಜೆ ಸಾಹುಕಾರರು ಮೆಟ್ಟಿಲು ಹತ್ತುವಾಗಲೇ ಎದುರಿಗೆ ಒಂದು ಆನೆ ಬಂತು; ಯಾರದೋ ಕಂಕುಳಲ್ಲಿತ್ತು. ಬಾಗಿಲಲ್ಲಿ ಎರಡು. ಒಳಗೆ ಗುಂಪೇ ಇತ್ತು. ಎಲ್ಲರೂ ತಮ್ಮ ತಮ್ಮ ಆನೆಯನ್ನು ಎತ್ತಿ ಹಿಡಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ನೋಡಿ ಸಾಹುಕಾರ್ರೇ!” ಎಂದ ಬಲೂನಣ್ಣ. “ಇವರು ಟೈಲರು. ಇವರು ಮೇಷ್ಟ್ರು. ಒಬ್ಬರೂ ಬಲೂನು ಮುಟ್ಟಿದವರಲ್ಲ. ಒಂದೇ ಸಲ ನೋಡಿ ಮಾಡಿದ್ದು!”

ಸಾಹುಕಾರರು ವಿಡಿಯೋ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದ ಗಾಳಿ ಮೆಲ್ಲಗೆ ಇಳಿಯಿತು.

“ಇದನ್ನ ನಾನು ಮಾರಕ್ಕಾಗಲ್ಲ.”

“ಯಾಕೆ? ಎಲ್ಲರಿಗೂ ಅರ್ಥ ಆಯ್ತಲ್ಲ!”

“ಅರ್ಥ ಆಗ್ಬೇಕು ಅಂದೆ ಕಣ್ರೀ, ಮಾಡೋಕೂ ಬರಬೇಕು ಅಂದ್ನಾ? ಕಲಾವಿದ ಪಾರ್ಟಿಗೆ ಹೋಗಿ ಒಂದು ಆನೆ ಮಾಡ್ತಾನೆ. ಮನೆ ಯಜಮಾನ್ತಿ ಅಡುಗೆಮನೆಯಿಂದ ಎರಡು ಮಾಡ್ಕೊಂಡು ಬರ್ತಾಳೆ. ಆಮೇಲೆ ಅವನನ್ನ ಯಾರು ಕರೀತಾರೆ? ಅವನು ನನ್ನ ಹತ್ರ ಬಲೂನು ಯಾಕೆ ತಗೋತಾನೆ? ಮೊದಲು ನನ್ನ ಅಂಗಡಿಗೆ ಕಲ್ಲು ಹೊಡೀತಾನೆ. ಅದರ ಮೇಲೆ ಈ ಪದ್ಯ ಬೇರೆ! ಬರುವಾಗ ನಿಮ್ಮ ಬೀದೀಲಿ ಯಾರೋ ಮೀಟರಿನವನು ಹಾಡ್ಕೊಂಡು ಹೋಗ್ತಿದ್ದ.”

ಮೇಷ್ಟ್ರಿಗೆ ಅದೊಂದು ಮಾತು ಮಾತ್ರ ಕೇಳಿಸಿ, ತೃಪ್ತಿಯಿಂದ ಮುಗುಳ್ನಕ್ಕರು.

ಬಲೂನಣ್ಣ ಗೋಡೆಗೆ ಒರಗಿದ. ಕಣ್ಣ ಮುಂದೆ ಜೋಕರ್ ಪ್ಯಾಂಟು ಗಾಳಿಯಲ್ಲಿ ಪಟಪಟಿಸಿತು. ಸಾಹುಕಾರರು ಕುಡಿಯಲು ನೀರು ಕೇಳಿ, ಅದು ಬರುವುದು ತಡವಾಗಿ, ತಾವೇ ಅಡುಗೆಮನೆಯ ಬಾಗಿಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು.

ಫ್ರಿಜ್ಜಿನ ಮೇಲೆ ಒಂದು ಆನೆ ಮಲಗಿತ್ತು.

ಅದು ನಿಜವಾಗಿ ಮಲಗಿತ್ತು. ಕಾಲು ಹೊಟ್ಟೆಯಡಿಗೆ ಮಡಚಿ, ಕಿವಿ ಕೆನ್ನೆಯ ಮೇಲೆ ಬಿಟ್ಟುಕೊಂಡು, ಸೊಂಡಿಲನ್ನು ದಿಂಬಿನಂತೆ ತಲೆಯ ಕೆಳಗೆ ಸುತ್ತಿಕೊಂಡು, ದಿನವಿಡೀ ಮರ ಎಳೆದು ದಣಿದ ಆನೆಯ ಹಾಗೆ. ಫ್ಯಾನಿನ ಗಾಳಿಗೆ ಅದರ ಹೊಟ್ಟೆ ಏರಿ ಇಳಿದಂತೆ ಕಾಣುತ್ತಿತ್ತು.

“ಇದು ಯಾರು ಮಾಡಿದ್ದು?” ಸಾಹುಕಾರರ ದನಿ ಪಿಸುಮಾತಾಗಿತ್ತು, ಎಲ್ಲಿ ಎಚ್ಚರವಾದೀತೋ ಎಂಬಂತೆ.

“ನಾನೇ,” ಎಂದರು ಅತ್ತೆ. ಹತ್ತಿ ತೆಗೆದಿಟ್ಟು ಪಾತ್ರೆ ಒರೆಸುತ್ತಿದ್ದರು. “ನಿಲ್ಲಲಿಲ್ಲ ಅದು. ಮಲಗಿಸಿದೆ.”

“ನಿಂತ ಆನೆ ನೋಡಿದೀನಿ, ಕೂತ ಆನೆ ನೋಡಿದೀನಿ. ಮಲಗಿದ್ದು ಈ ಜನ್ಮದಲ್ಲಿ ನೋಡಿಲ್ಲ!” ಸಾಹುಕಾರರು ಅದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. “ಎಲ್ಲಿ ಶುರು, ಎಲ್ಲಿ ಕೊನೆ, ಒಂದೂ ಗೊತ್ತಾಗಲ್ಲ. ಇದರ ವಿಡಿಯೋ ಕೊಡಿ, ನಾಳೇನೇ ಮಾರ್ತೀನಿ. ಸುಲಭಕ್ಕೆ ಬರಲ್ಲ, ಬಿಡೋಕೂ ಮನಸ್ಸಾಗಲ್ಲ. ಕಲಾವಿದನಿಗೆ ಬೇಕಾದ್ದು ಇಂಥದ್ದು ಕಣ್ರೀ!”

ಬಲೂನಣ್ಣ ಓಡಿ ಬಂದು ಇಣುಕಿದ. ಕೈಯಲ್ಲಿ ಸಾವಿರಾರು ಬಲೂನು ಹಾದುಹೋಗಿದ್ದರೂ ಇದರ ಒಂದು ಗಂಟೂ ಅವನಿಗೆ ಅರ್ಥವಾಗಲಿಲ್ಲ.

“ಬಿಚ್ಚಿ ನೋಡಿದ್ರೆ ಆಯ್ತಲ್ಲ!” ಎಂದು ಟೈಲರು ಎಲ್ಲರ ನಡುವಿನಿಂದ ಕೈ ತೂರಿಸಿದ. “ಹಳೇ ಕೋಟು ಬಿಚ್ಚಿ ಬಿಚ್ಚೀನೇ ನಾನು ಹೊಸ ಕೋಟು ಹೊಲಿಯೋದು ಕಲಿತದ್ದು. ಇಗೋ, ಈ ಬಾಲ ಹಿಡ್ಕೊಂಡು…”

“ಬೇಡ!” ಎಂದು ನಾಲ್ಕು ದನಿ ಕೂಗಿದವು.

ಢಂ.

ರಬ್ಬರಿನ ಚೂರು ಸಾಹುಕಾರರ ಕನ್ನಡಕಕ್ಕೆ ಅಂಟಿತು. ಅವರು ಅದನ್ನು ಬಿಡಿಸಿ, ಮಡಚಿ, ಬಲೂನಣ್ಣನ ಅಂಗೈಗೆ ಇಟ್ಟರು. “ಅಮ್ಮನವರು ಇನ್ನೊಂದು ಮಾಡ್ಲಿ. ಕ್ಯಾಮೆರಾ ಹಾಕಿ. ನಾನು ಕೂತಿರ್ತೀನಿ.”

ಮನೆಯೆಲ್ಲ ಅತ್ತೆಯ ಕಡೆ ತಿರುಗಿತು. ಬಲೂನಣ್ಣ ಹೊಸ ಬಲೂನಿಗೆ ತಾನೇ ಗಾಳಿ ತುಂಬಿ, ಗಂಟು ಹಾಕಿ, ಎರಡು ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನಿಂತ. ಟೋಪಿ ಕೂಡ ತೆಗೆದ.

“ಅತ್ತೆ… ಒಂದೇ ಒಂದು ಸಲ.”

“ಅಮ್ಮಾ, ಪಾಪ, ಅವರ ಹೆಬ್ಬೆರಳು ನೋಡು,” ಎಂದಳು ಹೆಂಡತಿ.

“ನಾನು ಮಾಡೋದು ತಪ್ಪಂತಲ್ಲೇ,” ಎಂದು ಅತ್ತೆ ಮಗಳಿಗೆ ಹೇಳಿದರು. ಅಳಿಯನನ್ನು ನೋಡಲಿಲ್ಲ. “ಇಡೀ ಬೀದಿಯವರು ಕೂತು ರಾಗ ಹಾಕಿ ಹೇಳಿದ್ರಲ್ಲ.”

“ಆ ತಪ್ಪೇ ಬೇಕು ಅತ್ತೆ!” ಬಲೂನಣ್ಣ ಬಲೂನನ್ನು ಇನ್ನಷ್ಟು ಮುಂದಕ್ಕೆ ಚಾಚಿದ. “ಒಂದಿಷ್ಟೂ ಸರಿ ಮಾಡ್ಬೇಡಿ! ಆಗ ಹೇಗೆ ಪೂರ್ತಿ ತಪ್ಪು ಮಾಡಿದ್ರೋ ಹಾಗೇ ಮಾಡಿ, ಸಾಕು!”

ಹೆಂಡತಿ ಹಣೆ ಚಚ್ಚಿಕೊಂಡಳು. ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ನೀರಿಗೆ ಅದ್ದಿದರು. ಒಂದು ಕೈ ಆಚೆಗೆ, ಒಂದು ಕೈ ಈಚೆಗೆ ತಿರುಗಿಸಿ ಚೆನ್ನಾಗಿ ಹಿಂಡಿದರು. ಕೊಡವಿ, ಕಿಟಕಿಯ ಸರಳಿನ ಮೇಲೆ ಹರವಿದರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಮಾಡಲ್ಲ,” ಎಂದರು.