ಅತ್ತೆಯ ಪಿತ್ತಕೋಶ ಮತ್ತು ನನ್ನ ಪೂರ್ವಪಕ್ಷ

ಸುಳ್ಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ. ಆ ಉರಿಗೆ ಕಾರಣ ಬೇರೆಯವರು, ಆರಿಸುವ ಕೀರ್ತಿ ಮಾತ್ರ ನಮ್ಮದು. ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದ ದಿನಗಳಿಂದಲೂ ನಾನು ಈ ಸುಖದ ದಾಸಿ. ಹಾಸ್ಟೆಲಿನ ಸಾರು ನೀರಾದರೆ ಅಡುಗೆಯವನನ್ನು ಬಿಟ್ಟು ವಾರ್ಡನ್ನರನ್ನೂ, ವಾರ್ಡನ್ನರನ್ನು ಬಿಟ್ಟು ಕುಲಸಚಿವರನ್ನೂ ಪ್ರಶ್ನಿಸಬೇಕೆಂದು ವಾದಿಸಿದವಳು. ಸಾರು ಕೊನೆಯವರೆಗೂ ನೀರಾಗಿಯೇ ಉಳಿಯಿತು, ಅದು ಬೇರೆ ಮಾತು. ಈಗ ತಿರುಪ್ಪೂರಿನ ಒಂದು ಬನಿಯನ್ ರಫ್ತು ಕಂಪನಿಯಲ್ಲಿ ನನ್ನ ಕೆಲಸವೂ ಅದೇ ಸ್ವಭಾವದ್ದು. ತುರ್ತು ಬಾಗಿಲಿಗೆ ಯಾರು ಬಟ್ಟೆಯ ಮೂಟೆ ಅಡ್ಡ ಇಟ್ಟರು, ಕತ್ತರಿಸುವವರಿಗೆ ಕೈಗವಸು ಏಕೆ ಕೊಟ್ಟಿಲ್ಲ ಎಂದು ಕೇಳುತ್ತ ತಿರುಗುವುದು. ಹೊಲಿಗೆ ಯಂತ್ರದಲ್ಲಿ ಒಂದು ಸೂಜಿ ಮುರಿದರೆ ಅದರ ಚೂರುಗಳೆಲ್ಲ ಕೈಗೆ ಸಿಗುವವರೆಗೆ ಆ ಯಂತ್ರವನ್ನು ಮತ್ತೆ ಓಡಿಸುವಂತಿಲ್ಲ. ವಿದೇಶದ ಮಗುವಿನ ಅಂಗಿಯಲ್ಲಿ ನಮ್ಮ ಸೂಜಿಯ ಮೊನೆ ಸಿಗಬಾರದು. ಹೀಗೆ ಚೂರು ಹುಡುಕಿಸಿ ಹುಡುಕಿಸಿ, ಜಗತ್ತಿನ ಪ್ರತಿ ಕೇಡಿಗೂ ಒಂದು ಮೂಲವಿದೆ, ಆ ಮೂಲದಲ್ಲಿ ಒಬ್ಬ ಹೊಣೆಗಾರ ಕೂತಿದ್ದಾನೆ ಎಂಬ ನಂಬಿಕೆ ನನ್ನಲ್ಲಿ ಬಲಿತಿತ್ತು.

ಮದುವೆಯಾಗಿ ಬಂದದ್ದು ತಿರುಪ್ಪೂರಿಗೆ ಹತ್ತಿರದ ಕರುಮತ್ತಂಪಟ್ಟಿಗೆ. ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಮಗ್ಗ ಓಡುವಾಗ ಅಡುಗೆಮನೆಯ ಲೋಟಗಳು ಕೂಡ ಸಣ್ಣಗೆ ನಡುಗುತ್ತವೆ. ನನ್ನ ಗಂಡ ಸೆಂದಿಲ್‌ನ ಮನೆಯವರು ಎಷ್ಟೋ ತಲೆಮಾರಿನಿಂದ ಇಲ್ಲಿಯೇ ನೆಲೆಸಿದ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆದರೆ ಅವರಲ್ಲಿ ಯಾರಿಗೂ ಕನ್ನಡ ಓದಲು ಬಾರದು, ನನಗೆ ತಮಿಳು ಓದಲು ಬಾರದು. ಹೀಗಾಗಿ ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ಬರೆದದ್ದು ನನಗೆ ಚಿತ್ರ, ನಾನು ಬರೆದದ್ದು ಅವರಿಗೆ ರಂಗೋಲಿ. ಪರಸ್ಪರ ಅರ್ಥವಾಗಬೇಕಾದರೆ ಧ್ವನಿಯೊಂದೇ ದಾರಿ. ನನ್ನ ಧ್ವನಿಗೆ ಈ ಮನೆಯಲ್ಲಿ ವಿಶೇಷ ಗೌರವವೂ ಇತ್ತು. “ನಾಮು ಮಾತಾಡೋದು ಮನೆ ಕನ್ನಡ ಕಣ್ಣು. ನಿಂದು ಟಿವೀಲಿ ಸೇದಿ ಓದೋ ಕನ್ನಡ,” ಎಂದು ನಾನು ಬಂದ ಹೊಸತರಲ್ಲೇ ಅತ್ತೆ ತೀರ್ಪು ಕೊಟ್ಟಿದ್ದರು. ಸೇದಿ ಎಂದರೆ ಅವರ ಮಾತಿನಲ್ಲಿ ವಾರ್ತೆ; ಕಣ್ಣು, ಸಾಮಿ ಎಂಬುವು ಮುದ್ದಿನ ಕರೆಗಳು. ವಾರ್ತೆಯ ಕನ್ನಡದಲ್ಲಿ ಹೇಳಿದ್ದೆಲ್ಲ ನಿಜವಾಗಿರಲೇಬೇಕು ಎಂಬ ಗ್ರಹಿಕೆ ಆ ಹೊಗಳಿಕೆಯಲ್ಲಿ ಅಡಗಿದೆಯೆಂದು ಆಗ ನನಗೆ ಹೊಳೆದಿರಲಿಲ್ಲ.

ಮಾವ ಮತ್ತು ಅವರ ತಮ್ಮ, ಅಂದರೆ ನನ್ನ ಚಿಕ್ಕಮಾವ, ಒಂದೇ ಶೆಡ್ಡಿನಲ್ಲಿ ಎದುರುಬದುರು ಮಗ್ಗ ನಡೆಸುವವರು. ಮಾವ ದಿಲ್ಲಿಯಲ್ಲಿ ಆಳುವವರ ಕಡೆ, ಚಿಕ್ಕಮಾವ ಚೆನ್ನೈಯಲ್ಲಿ ಆಳುವವರ ಕಡೆ. ನೂಲಿನ ದರದಲ್ಲಾಗಲಿ ಹಬ್ಬದ ಖರ್ಚಿನಲ್ಲಾಗಲಿ ಅವರಿಗೆ ಭಿನ್ನಾಭಿಪ್ರಾಯವಿಲ್ಲ. ಸರ್ಕಾರದ ವಿಷಯ ಬಂದರೆ ಮಾತ್ರ ಮಗ್ಗದ ಸದ್ದನ್ನೂ ಮೀರಿಸಿ ಕೂಗುತ್ತಾರೆ. ಒಂದು ದಿನ ಗುಂಪಿಗೆ ತಮಿಳಿನಲ್ಲಿ ಒಂದು ಸಂದೇಶ ಬಂತು. ಸೆಂದಿಲ್ ಓದಿ ಹೇಳಿದ: ಸರ್ಕಾರಿ ವಿಮೆಯ ಕಾರ್ಡಿನಲ್ಲಿ ಇನ್ನು ಮುಂದೆ ಒಂದು ಕುಟುಂಬಕ್ಕೆ ಜನ್ಮದಲ್ಲಿ ಒಂದೇ ಆಪರೇಷನ್, ಒಬ್ಬರಿಗೆ ಆದರೆ ಉಳಿದವರ ಹೆಸರು ತಾನಾಗಿ ಅಳಿಸಿಹೋಗುತ್ತದೆ.

“ನೋಡ್ದ್ಯಾ ನಿನ್ ಕಚ್ಚಿ ಮಾಡೋ ವೇಲೆ! ಅಲ್ಲಿಂದ ಕಾಸು ಬತ್ತದೆ, ಇವರು ನಡುವೇಲಿ ಮುಂಗ್ತಾರೆ,” ಎಂದು ಮಾವ ತಮ್ಮನ ಮೇಲೆ ಏರಿದರು. ಕಚ್ಚಿ ಎಂದರೆ ಪಕ್ಷ, ವೇಲೆ ಎಂದರೆ ಕೆಲಸ.

“ಅಣ್ಣಾ, ಸುಮ್ಕಿರು. ದಿಲ್ಲೀಲಿ ಚಟ್ಟ ಮಾಡೋರು ಯಾರು? ನಿಮ್ಮೋರು ತಾನೆ? ಬಡವರ ಹೊಟ್ಟೆ ಮೇಲೆ ಹೊಡೆಯೋದೇ ಅವರ ತಿಟ್ಟ!” ಎಂದು ಚಿಕ್ಕಮಾವ. ಚಟ್ಟವೆಂದರೆ ಇಲ್ಲಿ ಕಾನೂನು, ತಿಟ್ಟವೆಂದರೆ ಯೋಜನೆ.

ಇಬ್ಬರೂ ಅಂದು ಮಧ್ಯಾಹ್ನದ ಊಟದವರೆಗೆ ವಾದಿಸಿದರು. ಆ ಕಾನೂನು ಯಾರ ಪಾಪವೆಂಬುದೊಂದೇ ಚರ್ಚೆ. ಅಂಥ ಕಾನೂನು ಇದೆಯೇ ಎಂದು ಕೇಳುವುದು ಇಬ್ಬರಿಗೂ ಬೇಕಿರಲಿಲ್ಲ. ಇಲ್ಲವೆಂದಾದರೆ ಬೈಯಲು ಯಾರೂ ಉಳಿಯುವುದಿಲ್ಲವಲ್ಲ.

ಈ ಜಗಳ ನನಗೆ ಬರೀ ಮನರಂಜನೆಯಾಗಿರದಿದ್ದುದಕ್ಕೆ ಕಾರಣ ಅತ್ತೆ. ಅವರ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಉಂಡ ಮೇಲೆ ಬಲಗಡೆಯ ಪಕ್ಕೆಯಡಿ ನೋವೆದ್ದು, ನೂಲು ಸುತ್ತುವ ರಾಟೆಯ ಮೇಲೆಯೇ ಬಾಗಿ ಹಣೆ ಒತ್ತಿಕೊಂಡು ಕೂತಿರುತ್ತಿದ್ದರು. ಇನ್ನು ತಡಮಾಡಿದರೆ ಒಳಗೆ ಕೀವು ತುಂಬೀತು, ಆಗ ಪ್ರಾಣಕ್ಕೇ ಸಂಚಕಾರ ಎಂದು ವೈದ್ಯರು ಎಚ್ಚರಿಸಿದ್ದರು. ಕಾರ್ಡಿನಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಗೊತ್ತಾಗಿ, ದಿನವೂ ಗೊತ್ತಾಗಿತ್ತು. ಅತ್ತೆಗೆ ಸ್ಮಾರ್ಟ್‌ಫೋನಿಲ್ಲ, ಗುಂಪಿನ ಗೊಡವೆಯಿಲ್ಲ. “ಅಣ್ಣ ತಮ್ಮ ದಿನಾ ಒಂದು ಕಳಿಸ್ತಾರೆ, ದಿನಾ ಒಂದಕ್ಕೆ ಕೂಗ್ತಾರೆ. ಅದೆಲ್ಲ ನಾನು ಕಿವಿಗೇ ಹಾಕ್ಕೊಳಲ್ಲೆ,” ಎಂದು ನಕ್ಕು, ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಸೀರೆ ಮಡಚಿಟ್ಟಿದ್ದರು. ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು. ನಾನು ಸುಮ್ಮನಿದ್ದಿದ್ದರೆ.

ಸುಮ್ಮನಿರುವುದನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿಲ್ಲ. ಯೋಜನೆಯ ನಿಯಮಗಳನ್ನು ಹುಡುಕಿ ಓದಿದೆ. ವರ್ಷಕ್ಕೆ ಒಂದು ಕುಟುಂಬಕ್ಕೆ ಇಂತಿಷ್ಟು ಎಂಬ ಹಣದ ಮಿತಿಯೇನೋ ಇದೆ; ಜನ್ಮಕ್ಕೊಂದೇ ಆಪರೇಷನ್ ಎಂಬ ಮಾತು ಎಲ್ಲಿಯೂ ಇಲ್ಲ. ಗುಂಪಿಗೆ ಎರಡು ಧ್ವನಿ ಸಂದೇಶ ಕಳಿಸಲು ನಿರ್ಧರಿಸಿದೆ. ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಮಂಡಿಸಬೇಕು, ಆಮೇಲೆ ಖಂಡಿಸಬೇಕು ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಗೆಲ್ಲುವುದು ಹೇಡಿತನವೆಂದು ಅವರ ಮತ. ಅದರಂತೆ ಮೊದಲ ಸಂದೇಶದಲ್ಲಿ ಪೂರ್ವಪಕ್ಷ: “ಒಂದು ಕುಟುಂಬಕ್ಕೆ ಒಂದೇ ಶಸ್ತ್ರಚಿಕಿತ್ಸೆ ಎಂಬ ನಿಯಮ ಜಾರಿಗೆ ಬಂದಿದೆ. ಇದರ ಹೊಣೆ ದಿಲ್ಲಿಯದೆಂದು ಕೆಲವರು, ಚೆನ್ನೈಯದೆಂದು ಕೆಲವರು…” ಎಂದು ಆರಂಭಿಸಿ, ಬೊಕ್ಕಸದ ಬರಿದಾಗುವಿಕೆ, ಆಳುವವರ ನಿರ್ದಯತೆ ಎಲ್ಲವನ್ನೂ ಸೇರಿಸಿ, ಕೇಳಿದವರ ಕಣ್ಣಲ್ಲಿ ನೀರು ಬರುವಂತೆ ಮಂಡಿಸಿದೆ. ನನಗೇ ಒಂದು ಕ್ಷಣ ನಿಜವೆನಿಸಿತು. ಎರಡನೆಯ ಸಂದೇಶದಲ್ಲಿ “ಹೀಗೆಂದು ಹೇಳುವುದು ಶುದ್ಧ ಸುಳ್ಳು” ಎಂದು ಕಾರಣಗಳ ಸಮೇತ ಸಾರಿದೆ. ಗುಂಪಿನಲ್ಲಿ ಹೆಬ್ಬೆರಳುಗಳೂ ಕೈಮುಗಿದ ಚಿತ್ರಗಳೂ ಸಾಲಾಗಿ ಬಂದವು. ಸುಳ್ಳಿನ ಕಥೆ ಮುಗಿಯಿತೆಂದು ನೆಮ್ಮದಿಯಿಂದ ಬಸ್ಸು ಹತ್ತಿ ಕೆಲಸಕ್ಕೆ ಹೋದೆ.

ಆಸ್ಪತ್ರೆಯ ದಿನ ಹತ್ತಿರ ಬಂದಾಗ ಅತ್ತೆ ಚೀಲದಿಂದ ಸೀರೆ ತೆಗೆದು ಬೀರುವಿಗೆ ವಾಪಸು ಇಡುತ್ತಿದ್ದರು.

“ಬ್ಯಾಡ ಕಣ್ಣು. ನಾನು ಬರಲ್ಲೆ.”

“ಯಾಕತ್ತೆ? ಹೆದರಿಕೆಯೆ?”

“ನಂಗೇನು ಭಯ? ಒಂದು ಕುಡುಂಬಕ್ಕೆ ಒಂದೇ ತಾನೆ ಆಪರೇಷನ್ನು. ನಂದು ಹೊಟ್ಟೆ ವಲಿ, ನೋವು ತಾನೆ, ತಡ್ಕೋಬೋದು. ನಾಳೆಕ್ಕೆ ನಿನ್ ಮಾವಂಗೆ ಎದೆ ಹಿಡ್ಕೊಂಡ್ರೆ? ನಿಂಗೇ ಹೆರಿಗೇಲಿ ಏನಾರ ಕಷ್ಟ ಆದ್ರೆ? ಇರೋ ಒಂದನ್ನೂ ಈ ಮುದುಕಿ ತಿಂದ್ಳು ಅನ್ನಿಸ್ಕೋಬೇಕಾ ಸಾಮಿ?”

ಅವರು ಹೆದರಿದ್ದರೆ ಧೈರ್ಯ ಹೇಳಬಹುದಿತ್ತು. ಅವರು ತಮ್ಮ ಪಾಲನ್ನು ನಮಗಾಗಿ ಎತ್ತಿಡುತ್ತಿದ್ದರು, ಹಬ್ಬದ ದಿನ ಕೊನೆಯ ಒಬ್ಬಟ್ಟನ್ನು ಎತ್ತಿಡುವ ಹಾಗೆ. ಹೀಗೆ ಎತ್ತಿಡುವವರ ಎದುರು ನಿಯಮಾವಳಿ ಓದಿದರೆ ಕೇಳುತ್ತಾರೆಯೆ? ಆದರೂ ಅದು ಸುಳ್ಳು ಎಂದೆ. “ಪೊಯ್ ಅಲ್ಲ ಕಣ್ಣು, ಇದು ಅಣ್ಣತಮ್ಮಂದ್ರು ಸೇದಿ ಅಲ್ಲ. ಬೆಂಗಳೂರು ದೊಡ್ಡ ಡಾಕ್ಟರಮ್ಮನೇ ಹೇಳಿದಾರಂತೆ,” ಎಂದರು.

ನನ್ನ ಕಣ್ಣು ಕೆಂಪಾಯಿತು. ವೈದ್ಯೆಯಾದವಳು ಹೀಗೆ ಸುಳ್ಳು ಹರಡುವುದೆ? ಅವಳ ನೋಂದಣಿಯನ್ನೇ ರದ್ದು ಮಾಡಿಸಬೇಕು. ದೂರಿನ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಮೂಲ ಹುಡುಕಲು ಹೊರಟೆ. ಅತ್ತೆಗೆ ಹೇಳಿದ್ದು ಪಕ್ಕದ ಮನೆಯ ಸರೋಜಕ್ಕ. ಸರೋಜಕ್ಕನಿಗೆ ಹೇಳಿದ್ದು ಅನ್ನೂರಿನಲ್ಲಿರುವ ಅವರ ತಂಗಿ. ಭಾನುವಾರ ಟೌನ್ ಬಸ್ಸು ಹತ್ತಿ ಅನ್ನೂರಿಗೇ ಹೋದೆ. ಆ ತಂಗಿ ಮುರುಕು ಕೊಟ್ಟು, ಕಾಫಿ ಕೊಟ್ಟು, ತನಗೆ ಹೇಳಿದ್ದು ವೆಳ್ಳಕೋಯಿಲಿನ ಓರಗಿತ್ತಿ ಎಂದರು. “ಅವಳ ಫೋನಲ್ಲಿ ಡಾಕ್ಟರಮ್ಮನ ಧ್ವನಿನೇ ಇದೆ. ಏನ್ ಕನ್ನಡ ಅಂತೀರಿ! ಪಾದಿ, ಅರ್ಧಕ್ಕರ್ಧ, ನಂಗೆ ಅರ್ಥನೇ ಆಗಿಲ್ಲೆ. ಅಷ್ಟು ಓದಿರೋರು ಪೊಯ್ ಹೇಳ್ತಾರಾ?” ಎಂದು ಅಲ್ಲಿಂದಲೇ ಓರಗಿತ್ತಿಗೆ ಫೋನು ಮಾಡಿ ಆ ಧ್ವನಿಯನ್ನು ತರಿಸಿಕೊಟ್ಟರು. ಹಲವು ಬಾರಿ ಮುಂದೆ ಕಳಿಸಲ್ಪಟ್ಟಿದೆ ಎಂಬ ಜೋಡಿ ಬಾಣದ ಗುರುತು ಹೊತ್ತು ಅದು ನನ್ನ ಫೋನಿಗೆ ಬಂದಿಳಿಯಿತು. ಒತ್ತಿದೆ.

“ಒಂದು ಕುಟುಂಬಕ್ಕೆ ಒಂದೇ ಶಸ್ತ್ರಚಿಕಿತ್ಸೆ ಎಂಬ ನಿಯಮ ಜಾರಿಗೆ ಬಂದಿದೆ…”

ಕೈಯಲ್ಲಿದ್ದ ಮುರುಕನ್ನು ತಟ್ಟೆಗೆ ವಾಪಸು ಇಟ್ಟೆ. ಡಾಕ್ಟರಮ್ಮ ನಾನೇ. ಮದುವೆಯಾಗಿ ಬಂದ ಮೇಲೆ ಈ ಸೀಮೆಯಲ್ಲಿ ನನಗೆ ಸಿಕ್ಕಿದ ಏಕೈಕ ಪದವಿ ಅದು. ಮನೆಗೆ ಬಂದು ವಿಚಾರಿಸಿದರೆ ಮಾವ, “ಚೆನ್ನೈಯೋರ ಬಣ್ಣ ಬಯಲು ಮಾಡಿದ್ಯಲ್ಲಾಂತ ಎಲ್ಲಾರಿಗೂ ಕಳಿಸ್ದೆ,” ಎಂದರು. ಚಿಕ್ಕಮಾವ, “ದಿಲ್ಲಿಯೋರಿಗೆ ಸರಿಯಾಗಿ ಕೊಟ್ಟೆಯಲ್ಲಾಂತ ನಾನೂ ಕಳಿಸ್ದೆ,” ಎಂದರು. ಎರಡನೆಯದನ್ನೇಕೆ ಕಳಿಸಲಿಲ್ಲವೆಂದರೆ ಅಣ್ಣತಮ್ಮಂದಿರು ಸರ್ಕಾರದ ವಿಷಯದಲ್ಲಿ ಆ ವರ್ಷ ಮೊದಲ ಬಾರಿಗೆ ಏಕಾಭಿಪ್ರಾಯಕ್ಕೆ ಬಂದರು: “ಅದು ಬಲು ನೀಳ ಇತ್ತಮ್ಮಾ.”

ಇಲ್ಲಿ ನಿಂತು ಸರ್ಕಾರಗಳಿಗೂ ಒಂದು ಮಾತು ಕೇಳುವ ಹಕ್ಕನ್ನು ನಾನು ಬಿಟ್ಟುಕೊಡಲಾರೆ. ಯೋಜನೆಯ ಜಾಹೀರಾತಿನಲ್ಲಿ ನಾಯಕರ ಮುಖಕ್ಕೆ ಗೋಡೆಯಗಲ ಜಾಗವಿರುತ್ತದೆ. ನಿನ್ನ ಕಾರ್ಡಿನಲ್ಲಿ ಏನು ಸಿಗುತ್ತದೆ, ಏನು ಸಿಗದು, ಸಿಗದಿದ್ದರೆ ಯಾರನ್ನು ಕೇಳಬೇಕು ಎಂಬ ಮೂರು ಮಾತಿಗೆ ಅಂಗೈಯಗಲವೂ ಇರುವುದಿಲ್ಲ. ಮುಖ ಅಚ್ಚು ಹಾಕಿಸಿದವರು ಮಾತು ಅಚ್ಚು ಹಾಕಿಸಿದ್ದರೆ ನೂಲು ಸುತ್ತುವ ಹೆಂಗಸೊಬ್ಬಳು ಪಕ್ಕೆಯ ನೋವನ್ನು ಅದುಮಿಕೊಂಡು ಲೆಕ್ಕ ಹಾಕಬೇಕಾಗಿರಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಯಾರಾದರೂ ಮಾತಾಡಿಯೇ ಆಡುತ್ತಾರೆ. ನಮ್ಮ ಸೀಮೆಯಲ್ಲಿ ಆ ಯಾರಾದರೂ ನಾನಾದೆ ಎಂಬುದರಿಂದ ಪ್ರಶ್ನೆಯ ಬಿಸಿ ಕಡಿಮೆಯಾಗುವುದಿಲ್ಲ. ಕೇಳುವವಳ ಕೊರಳು ಮಾತ್ರ ಸ್ವಲ್ಪ ತಗ್ಗುತ್ತದೆ.

ಅತ್ತೆಯ ಮುಂದೆ ಕೂತು, ಆ ಡಾಕ್ಟರಮ್ಮ ನಾನೇ, ಅದು ಸುಳ್ಳೆಂದು ತೋರಿಸಲಿಕ್ಕೇ ಹೇಳಿದ್ದು ಎಂದು ವಿವರಿಸಿದೆ. ಅವರು ನನ್ನನ್ನೇ ದಿಟ್ಟಿಸಿದರು.

“ಆವತ್ತು ಹೇಳಿದ್ದೂ ನೀನೆ, ಇವತ್ತು ಹೇಳೋದೂ ನೀನೆ. ನಾನು ಯಾವ ನಿನ್ನ ನಂಬ್ಲಿ ಕಣ್ಣು?”

ಅಷ್ಟರಲ್ಲಿ ಅಣ್ಣತಮ್ಮಂದಿರೂ ಬಂದು ಕೂತರು. ಅತ್ತೆ ಇಬ್ಬರ ಕಡೆಗೂ ತಿರುಗಿದರು. “ನಂದು ಆಯ್ತು ಅಂತಿಟ್ಕೋ. ನಾಳೆ ಇನ್ನೊಬ್ಬರಿಗೆ ಕಾರ್ಡು ನಡೀಲಿಲ್ಲೆ. ಆಗ ಆಸ್ಪತ್ತಿರಿ ಬಾಗಿಲಲ್ಲಿ ನಿಂತು ಕೇಳೋರು ಯಾರು? ನಿಮ್ ಕಚ್ಚಿ ಬತ್ತದಾ? ನಿನ್ ಕಚ್ಚಿ?”

ಮಾವ ಚಾವಣಿ ನೋಡಿದರು. ಚಿಕ್ಕಮಾವ ಹೆಗಲ ಮೇಲಿನ ಟವೆಲ್ಲನ್ನು ಮಡಚಿದರು.

“ನಾನು ಬರುತ್ತೇನೆ ಅತ್ತೆ. ಯಾರನ್ನು ಕೇಳಬೇಕೋ ಅವರನ್ನು ಕೇಳುತ್ತೇನೆ,” ಎಂದೆ.

“ಹಂಗಂದ್ರೆ ಅದನ್ನ ಫೋನಲ್ಲಿ ಹೇಳು, ಎಲ್ಲಾರೂ ಕೇಳ್ಲಿ. ಚಿಕ್ಕದಾಗಿ ಹೇಳು. ಸೇದಿ ಕನ್ನಡ ಬ್ಯಾಡ.”

ಫೋನು ಹಿಡಿದು ‘ವಸ್ತುಸ್ಥಿತಿಯನ್ನು ಅವಲೋಕಿಸಿದಾಗ’ ಎಂದು ಆರಂಭಿಸಿದವಳನ್ನು ಅತ್ತೆ ಮೊಣಕೈಯಿಂದ ತಿವಿದರು. ಕಡೆಗೆ ಹೊರಬಿದ್ದದ್ದು ಇಷ್ಟು: “ನಾನು ಸೆಂದಿಲ್ ಹೆಂಡ್ತಿ. ಒಂದೇ ಆಪರೇಷನ್ ಅನ್ನೋದು ಪೊಯ್. ನಮ್ಮತ್ತೆ ಮಾಡಿಸ್ಕೊಳ್ತಾರೆ. ತೊಂದರೆ ಆದ್ರೆ ನನ್ನ ಕೇಳಿ.” ಈ ಸಂದೇಶವನ್ನು ಯಾರೂ ಯಾರಿಗೂ ಮುಂದೆ ಕಳಿಸಲಿಲ್ಲ. ಆದರೆ ಅತ್ತೆ ಎದ್ದು ಸೀರೆ ಮಡಚಿದರು.

ಓದುಗರು ಆತಂಕಪಡಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ಅತ್ತೆ ಈಗ ಬೋಂಡ ತಿನ್ನುವಷ್ಟು ಚೆನ್ನಾಗಿದ್ದಾರೆ. ಮುಂದೆ ಅದೇ ಕಾರ್ಡಿನಲ್ಲಿ ಮಾವನ ಹರ್ನಿಯದ ಆಪರೇಷನ್ನೂ ಆಯಿತು. ಅದು ಯಾವ ಸರ್ಕಾರದ ಕೃಪೆಯೆಂಬ ವಾದ ಇಂದಿಗೂ ನಡೆದಿದೆ. ಆದರೆ ಅಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಇದೆಲ್ಲ ನನಗೆ ಗೊತ್ತಿರಲಿಲ್ಲ. ಅತ್ತೆಯನ್ನು ಹಸಿರು ಬಟ್ಟೆ ಉಡಿಸಿ ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಸೆಂದಿಲ್ ರೇಷನ್ ಕಾರ್ಡಿನ ಜೆರಾಕ್ಸಿಗೆ ಓಡಿದ್ದ. ಅಣ್ಣತಮ್ಮಂದಿರು ಹೊರಗೆ ಬೇವಿನ ಮರದಡಿ ಆಸ್ಪತ್ರೆಯ ಕಟ್ಟಡ ಯಾರ ಕಾಲದ್ದೆಂದು ನಿರ್ಧರಿಸುತ್ತಿದ್ದರು. ನರ್ಸ್ ಬಂದು ಅಚ್ಚಾದ ತಮಿಳು ಹಾಳೆಯೊಂದನ್ನು ಚಾಚಿ ರುಜು ಹಾಕಿ ಎಂದಳು. ಏನು ಬರೆದಿದೆ ಎಂದೆ. “ಎಲ್ಲಾರುಂ ಪೋಡುರದು ದಾಮ್ಮಾ,” ಎಂದಳು, ಎಲ್ಲರೂ ಹಾಕುವುದೇ ಎಂದು. ಒಳಗೆ ಡಾಕ್ಟರು ಕಾಯುತ್ತಿದ್ದರು. ಅತ್ತೆ ನನ್ನ ಕೈ ಹಿಡಿದಿದ್ದರು. ಹಾಕಿದೆ. ಮಂಚ ಒಳಗೆ ಸರಿದು ಬಾಗಿಲು ಮುಚ್ಚಿತು.

ಸೆಂದಿಲ್ ಬಂದವನೇ ನರ್ಸಿನ ಮೇಜಿನ ಮೇಲಿದ್ದ ಆ ಹಾಳೆಯನ್ನು ಬಗ್ಗಿ ನೋಡಿದ. “ಇದರಲ್ಲಿ ಏನಿದೆ ಗೊತ್ತಾ?” ಎಂದು ಕೇಳಿ, ನನ್ನ ರುಜುವಿನ ಮೇಲಿದ್ದ ಸಾಲನ್ನು ಬೆರಳಿಟ್ಟು ಕನ್ನಡದಲ್ಲಿ ಹೇಳಿದ:

“ಮೇಲಿರೋದನ್ನೆಲ್ಲ ನಾನೇ ಪೂರ್ತಿ ಓದಿ, ಚೆನ್ನಾಗಿ ಅರ್ಥ ಮಾಡ್ಕೊಂಡು ಸೈನ್ ಹಾಕಿದೀನಿ.”